ಮಾಡಿಫೈ ಮಾಡಿಸಿದ ಕಾರಿಗೆ ವಾರಂಟಿ ಕೇಳುವುದು ಹೇಗೆ

ಒಂಬತ್ತು ವರ್ಷ ಬೆಂಗಳೂರಿನ ಒಂದು ಸರ್ವಿಸ್ ಸೆಂಟರಿನಲ್ಲಿ ವಾರಂಟಿ ಮೇಜು ನೋಡಿಕೊಳ್ಳುತ್ತಿದ್ದೆ. ಬಂದ ಕ್ಲೇಮಿಗೆ ಫೋಟೊ ಸೇರಿಸಿ ಕಂಪನಿಗೆ ಕಳಿಸುವುದು, ಇಲ್ಲವಾದರೆ ಅಲ್ಲೇ "ಆಗಲ್ಲ ಸರ್" ಅಂದುಬಿಡುವುದು ನನ್ನ ಕೆಲಸ. ಎಷ್ಟು ಜನರಿಗೆ ಹಾಗಂದಿದ್ದೇನೋ ಲೆಕ್ಕವಿಲ್ಲ. ಆ ಕೆಲಸ ಬಿಟ್ಟು ಮೈಸೂರಿಗೆ ಬಂದ ಎರಡನೇ ಮಳೆಗಾಲದಲ್ಲಿ ನನ್ನದೇ ಕಾರು ಎಂಜಿನ್ ತಣಿಸುವ ಕೂಲಂಟ್ ಸೋರಿಸಿಕೊಂಡು ನಿಂತಿತು. ಬಾನೆಟ್ ಎತ್ತಿದ ಅಡ್ವೈಸರ್ ಸೋರುವ ಜಾಗದ ಕಡೆ ತಲೆಯೇ ಹಾಕಲಿಲ್ಲ. ನಾನು ಹೊರಗೆ ಹಾಕಿಸಿದ್ದ ಕೋನ್ ಫಿಲ್ಟರ್, ಅಂದರೆ ಶಂಕುವಿನಾಕಾರದ ಏರ್ ಫಿಲ್ಟರ್, ಕಂಡದ್ದೇ ತಡ, "ಆಫ್ಟರ್‌ಮಾರ್ಕೆಟ್ ಹಾಕಿಸಿದ್ದೀರಲ್ಲ ಸರ್, ವಾರಂಟಿ ಹೋಯ್ತು" ಅಂದ. ನಾನು ಹೇಳುತ್ತಿದ್ದ ಮಾತೇ, ದನಿಯೂ ಅದೇ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಆ ಮೇಜಿನ ಎರಡೂ ಕಡೆ ಕೂತವನಾಗಿ ಹೇಳುತ್ತಿದ್ದೇನೆ: "ವಾರಂಟಿ ಇದೆಯೋ, ಹೋಯಿತೋ" ಅಂತ ವಾದಕ್ಕೆ ನಿಂತರೆ ನೀವು ಸೋಲುತ್ತೀರಿ. ಕೇಳಬೇಕಾದದ್ದು ಬೇರೆ. ಕೆಟ್ಟಿರುವ ಭಾಗ ಯಾವುದು? ನಾನು ಬದಲಿಸಿದ ಭಾಗ ಯಾವುದು? ಇದರಿಂದ ಅದು ಕೆಟ್ಟದ್ದು ಹೇಗೆ? ಮೂರನೆಯದಕ್ಕೆ ಬರವಣಿಗೆಯಲ್ಲಿ ಉತ್ತರ ಕೇಳಿ. ಬಾಯಲ್ಲಿ "ಹೋಯ್ತು" ಅನ್ನುವುದು ಸಲೀಸು. ಲೆಟರ್‌ಹೆಡ್ಡಿನ ಮೇಲೆ "ಏರ್ ಫಿಲ್ಟರ್ ಬದಲಿಸಿದ್ದರಿಂದ ಕೂಲಂಟಿನ ಥರ್ಮೋಸ್ಟ್ಯಾಟ್ ಡಬ್ಬಿ ಸೀಳಿತು" ಅಂತ ಬರೆದು ಸಹಿ ಹಾಕಲು ಯಾವ ಸರ್ವಿಸ್ ಮ್ಯಾನೇಜರಿಗೂ ಕೈ ಬರುವುದಿಲ್ಲ.

ಅಡ್ವೈಸರ್ ಯಾಕೆ ಅಷ್ಟು ಬೇಗ ಇಲ್ಲ ಅನ್ನುತ್ತಾನೆ ಎಂಬುದನ್ನೂ ತಿಳಿದಿರಿ, ಅವನ ಮೇಲೆ ರೇಗುವುದು ತಪ್ಪುತ್ತದೆ. ವಾರಂಟಿ ಕೆಲಸದ ದುಡ್ಡು ಡೀಲರಿಗೆ ಕಂಪನಿಯಿಂದ ಬರಬೇಕು. ಕೆಲ ತಿಂಗಳ ನಂತರ ಆಡಿಟ್‌ನವರು ಬಂದು ಹಳೇ ಜಾಬ್ ಕಾರ್ಡುಗಳನ್ನು ತೆಗೆಸುತ್ತಾರೆ. ಫೋಟೊದಲ್ಲಿ ಕೋನ್ ಫಿಲ್ಟರ್ ಕಂಡು "ಇದನ್ನು ಯಾಕೆ ಪಾಸ್ ಮಾಡಿದಿರಿ" ಅಂದರೆ ಆ ಮೊತ್ತ ಡೀಲರಿನ ಖಾತೆಯಿಂದ ವಾಪಸ್ ಹೋಗುತ್ತದೆ, ಬೈಗುಳ ವಾರಂಟಿ ಮೇಜಿನವನಿಗೆ ಬೀಳುತ್ತದೆ. ನಾನು ತಿಂದಿದ್ದೇನೆ. ಅದಕ್ಕೇ ಅವನಿಗೆ ಒಂದು ಆಸರೆ ಬೇಕು: ಕಂಪನಿಯಿಂದ ಬಂದ ಒಂದು ಇಮೇಲ್. ಅದನ್ನು ತರಿಸಿಕೊಡುವುದೇ ನಿಮ್ಮ ಕೆಲಸ. ಕೌಂಟರಿನಲ್ಲಿ ಕೂಗಾಡಿದರೆ ಅದು ಬರುವುದಿಲ್ಲ.

ಮೊದಲು ವಾರಂಟಿ ಪುಸ್ತಕ ತೆಗೆಯಿರಿ. ಗ್ಲೋವ್ ಬಾಕ್ಸಿನಲ್ಲಿ ಹೊಗೆ ಸರ್ಟಿಫಿಕೇಟಿನ ಕೆಳಗೆ ಮಡಚಿ ಬಿದ್ದಿರುತ್ತದೆ. "ಏನೇನು ಸೇರುವುದಿಲ್ಲ" ಎಂಬ ಪುಟದಲ್ಲಿ ಮಾರ್ಪಾಡಿನ ಬಗ್ಗೆ ಒಂದು ಸಾಲು ಇದ್ದೇ ಇರುತ್ತದೆ. ಆ ಸಾಲಿನಲ್ಲಿ ಎರಡು ಜಾತಿ. "ಮಾರ್ಪಾಡಿನಿಂದ ಉಂಟಾದ ಹಾನಿಗೆ ವಾರಂಟಿ ಅನ್ವಯಿಸದು" ಅಂತ ಇದ್ದರೆ ನಿಮ್ಮ ಅದೃಷ್ಟ. ಮಾರ್ಪಾಡಿನಿಂದಲೇ ಆಯಿತು ಅಂತ ಅವರು ತೋರಿಸಬೇಕು. "ಮಾರ್ಪಾಡು ಮಾಡಿದರೆ ವಾರಂಟಿ ರದ್ದು" ಅಂತ ಒಂದೇ ಏಟಿಗೆ ಬರೆದಿದ್ದರೆ ದಾರಿ ಕಡಿದು. ಆಗಲೂ ಮುಚ್ಚಿಲ್ಲ, ಮುಂದೆ ಹೇಳುತ್ತೇನೆ. ಎಕ್ಸ್‌ಟೆಂಡೆಡ್ ವಾರಂಟಿ ಕೊಂಡಿದ್ದರೆ ಅದರ ಷರತ್ತು ಬೇರೆ. ಅದನ್ನೂ ಓದಿ.

ಇನ್ನು ನಮ್ಮ ಹುಡುಗರಿಗೆ ಒಂದು ಮಾತು. ಶೋರೂಮಿಗೆ ಬಂದು "ಮ್ಯಾಗ್ನಸನ್-ಮಾಸ್ ಆಕ್ಟ್ ಪ್ರಕಾರ" ಅಂತ ಶುರುಮಾಡಿದವರನ್ನು ನಾನೇ ಕಂಡಿದ್ದೇನೆ. ಅದು ವಾರಂಟಿಗಳ ಬಗೆಗಿನ 1975ರ ಅಮೆರಿಕದ ಕಾನೂನು. ನ್ಯೂಜೆರ್ಸಿಯಲ್ಲಿರುವ ನಿಮ್ಮ ಭಾವನಿಗೆ ಉಪಯೋಗಕ್ಕೆ ಬರಬಹುದು, ಜಯನಗರದಲ್ಲಿ ಅದಕ್ಕೆ ಬೆಲೆಯಿಲ್ಲ. ಅಲ್ಲಿ ಕೂಡ ಅದು ಎಂಜಿನ್ನಿನ ಶಕ್ತಿ ಹೆಚ್ಚಿಸಲು ಟ್ಯೂನ್ ಮಾಡಿಸಿ ಸುಟ್ಟ ಟರ್ಬೊಗೆ ರಕ್ಷಣೆ ಕೊಡುವ ಕಾನೂನಲ್ಲ.

ನಮ್ಮಲ್ಲಿ ಹತ್ತಿರಕ್ಕೆ ಬರುವುದು ಮಾರುಕಟ್ಟೆಯ ಪೈಪೋಟಿ ಕಾಯುವ ಭಾರತೀಯ ಸ್ಪರ್ಧಾ ಆಯೋಗದ 2014ರ ಆಗಸ್ಟ್ 25ರ ಆದೇಶ. 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿದ ಪ್ರಕರಣ. ಹೊರಗಿನ ಮೆಕ್ಯಾನಿಕ್ ಹತ್ತಿರ ಹೋದ ಮಾತ್ರಕ್ಕೆ ವಾರಂಟಿ ರದ್ದು ಅಂತ ಸಾರಾಸಗಟಾಗಿ ಷರತ್ತು ಹಾಕಕೂಡದು, ಹೊರಗಿನ ಕೆಟ್ಟ ಕೆಲಸದಿಂದ ಎಷ್ಟು ಹಾನಿಯಾಯಿತೋ ಅಷ್ಟಕ್ಕೆ ಮಾತ್ರ ವಾರಂಟಿ ನಿರಾಕರಿಸಬಹುದು ಅಂತ ಅದರಲ್ಲಿದೆ. ಇದು ರಿಪೇರಿಯ ಮಾತು, ಮಾರ್ಪಾಡಿನದ್ದಲ್ಲ. ಜೊತೆಗೆ ಆ ಆದೇಶ ಮೇಲ್ಮನವಿ, ರಿಟ್ ಅಂತ ಸುತ್ತಾಡಿದೆ. ಆದ್ದರಿಂದ ಪತ್ರದಲ್ಲಿ ಕತ್ತಿಯ ಹಾಗೆ ಝಳಪಿಸಬೇಡಿ. ಹಾನಿ ಎಷ್ಟೋ ನಿರಾಕರಣೆ ಅಷ್ಟೇ ಎಂಬ ತರ್ಕವನ್ನು ಮಾತ್ರ ಎತ್ತಿಕೊಳ್ಳಿ.

ಈಗ ಕಹಿ ಮಾತು. ಇಸಿಯು ರೀಮ್ಯಾಪ್ ಮಾಡಿಸಿದ್ದರೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಟ್ಯೂನ್ ಮಾಡಿಸಿದ್ದರೆ, ಸುಳ್ಳು ಹೇಳಬೇಡಿ. "ಸರ್ವಿಸಿಗೆ ಮುಂಚೆ ಸ್ಟಾಕ್ ಫೈಲ್ (ಕಂಪನಿಯ ಮೂಲ ಸಾಫ್ಟ್‌ವೇರ್) ವಾಪಸ್ ಹಾಕಿಸಿದರೆ ಗೊತ್ತಾಗಲ್ಲ" ಅಂತ ಟ್ಯೂನರ್‌ಗಳು ಹೇಳುವುದನ್ನು ನಂಬಿ ಬಂದವರನ್ನು ನಾನು ಹಿಡಿದಿದ್ದೇನೆ. ಬಹಳಷ್ಟು ಇಸಿಯುಗಳು ತಮ್ಮನ್ನು ಎಷ್ಟು ಸಲ ಫ್ಲಾಶ್ ಮಾಡಿದರು, ಅಂದರೆ ಸಾಫ್ಟ್‌ವೇರ್ ಹೊಸದಾಗಿ ಬರೆದರು, ಅಂತ ಎಣಿಸಿಟ್ಟುಕೊಳ್ಳುತ್ತವೆ. ಡೀಲರ್ ಕಡತದಲ್ಲಿ ಎರಡು ಅಪ್‌ಡೇಟ್, ಕಾರಿನಲ್ಲಿ ನಾಲ್ಕು ಎಣಿಕೆ ಇದ್ದರೆ ಉಳಿದೆರಡು ಎಲ್ಲಿಂದ ಬಂತು? ಫೋಕ್ಸ್‌ವ್ಯಾಗನ್, ಆಡಿ ಕಾರುಗಳಿಗೆ ಟ್ಯೂನ್ ಮಾಡಿಸುವ ಅಮೆರಿಕದವರು ಇದು ಟ್ಯೂನ್ ಮಾಡಿಸಿದ ಕಾರು ಅಂತ ಗುರುತು ಹಾಕುವ ಟಿಡಿ1 ಎಂಬ ಸಂಕೇತಕ್ಕೆ ಹೆದರುವುದು ಇದಕ್ಕೇ. ಅದು ಒಮ್ಮೆ ಕಂಪನಿಯ ಕಂಪ್ಯೂಟರಿನಲ್ಲಿ ಆ ಕಾರಿನ ಹೆಸರಿಗೆ ಅಂಟಿದರೆ ಯಾವ ಡೀಲರ್ ಹತ್ತಿರ ಹೋದರೂ ಕಾಣುತ್ತದೆ.

ಕಾರಣ-ಪರಿಣಾಮದ ತರ್ಕ ನಿಮ್ಮ ವಿರುದ್ಧವೂ ತಿರುಗುತ್ತದೆ. ಫೋಕ್ಸ್‌ವ್ಯಾಗನ್ನಿನ ಡಿಕ್ಯೂ200 ಎಂಬ ಏಳು ಗೇರಿನ, ಒಣ ಕ್ಲಚ್ಚಿನ ಆಟೊಮ್ಯಾಟಿಕ್ ಡಿಎಸ್‌ಜಿ ಗೇರ್‌ಬಾಕ್ಸ್ ತಡೆದುಕೊಳ್ಳಲೆಂದು ಮಾಡಿರುವುದು 250 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಂಜಿನ್ನಿನ ತಿರುಗುಬಲ. ನಮ್ಮ ದೇಶದಲ್ಲಿ ಅದಕ್ಕೆ ಜೋಡಿಸಿ ಬರುವ 1.5 ಟಿಎಸ್‌ಐ ಎಂಜಿನ್ ಕಾರ್ಖಾನೆಯಿಂದಲೇ 250 ಕೊಡುತ್ತದೆ. ಅದಕ್ಕೆ ಟಾರ್ಕ್ ಹೆಚ್ಚಿಸುವ ಸ್ಟೇಜ್ 1 ಟ್ಯೂನ್ ಹಾಕಿಸಿ, ಕ್ಲಚ್ ಸುಟ್ಟಮೇಲೆ ವಾರಂಟಿ ಕೇಳಿದರೆ ನಾನಾದರೂ ಯಾವ ಮುಖ ಇಟ್ಟುಕೊಂಡು ಕ್ಲೇಮ್ ಕಳಿಸಲಿ? ಅಂಥದ್ದಕ್ಕೆ ಜೇಬಿನಿಂದ ಕೊಡಿ. ಆದರೆ ಅದೇ ಕಾರಿನ ಪವರ್ ವಿಂಡೋ ಮೋಟರ್, ಎಸಿ ಕಂಪ್ರೆಸರ್, ಸ್ಟಿಯರಿಂಗ್ ರ‍್ಯಾಕ್ ಹೋದರೆ ಬಿಡಬೇಡಿ. ಟ್ಯೂನಿಗೂ ಕಿಟಕಿ ಗಾಜಿಗೂ ಏನು ನೆಂಟಸ್ತಿಕೆ?

ಇನ್ನೊಂದು, ರೀಲ್ಸ್. ಒಬ್ಬ ಹುಡುಗ ಗೇರ್‌ಬಾಕ್ಸ್ ಕ್ಲೇಮ್ ತಂದಿದ್ದ, ಬಹಳ ಮೆತ್ತಗೆ ಮಾತಾಡುತ್ತಿದ್ದ. ಇನ್‌ಸ್ಟಾಗ್ರಾಂನಲ್ಲಿ ಹುಡುಕಿದೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ಅದೇ ನಂಬರ್ ಪ್ಲೇಟು, ಹಿಂದೆ ಟೈರಿನ ಹೊಗೆ. ರೇಸಿಗೆ, ಸ್ಪರ್ಧೆಗೆ ಬಳಸಿದರೆ ವಾರಂಟಿ ಇಲ್ಲ ಎಂಬ ಸಾಲು ಪುಸ್ತಕದಲ್ಲಿತ್ತು. ಸ್ಕ್ರೀನ್‌ಶಾಟ್ ಸೇರಿಸಿ ಕಳಿಸಿದೆ, ಮುಗಿಯಿತು. ಅವನ ಮೆತ್ತಗಿನ ಮಾತು ನೆನಪಾದರೆ ಈಗಲೂ ಒಂಥರಾ ಆಗುತ್ತದೆ.

ನನ್ನ ಕಾರಿಗೆ ಬರೋಣ. ಕೋನ್ ಫಿಲ್ಟರ್, ಕ್ಯಾಟ್-ಬ್ಯಾಕ್ ಎಕ್ಸಾಸ್ಟ್ (ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಿಂದ ಹಿಂದಿನ ಕೊಳವೆ, ಸೈಲೆನ್ಸರ್), ಇಷ್ಟೇ ನನ್ನ ಶೋಕಿ. ಇಸಿಯು ಮುಟ್ಟಿಸಿರಲಿಲ್ಲ. ನೀತಿಯಿಂದಲ್ಲ, ಹೆಂಡತಿ ದುಡ್ಡು ಬಿಡಲಿಲ್ಲ. ಹಳೇ ಚಾಳಿಯಂತೆ ಡೆಲಿವರಿ ದಿನವೇ ಒಂದು ಕೆಲಸ ಮಾಡಿಟ್ಟಿದ್ದೆ: ಕಾರಿನ ಕಂಪ್ಯೂಟರ್ ಓದುವ ಅಗ್ಗದ ಬ್ಲೂಟೂತ್ ಓಬಿಡಿ ಡಾಂಗಲ್ ಚುಚ್ಚಿ, ಇಸಿಯುವಿನ ಕ್ಯಾಲಿಬ್ರೇಶನ್ ಐಡಿ (ಸಾಫ್ಟ್‌ವೇರಿನ ಗುರುತು) ಮತ್ತು ಸಿವಿಎನ್ ಓದಿಸಿ, ಓಡೋಮೀಟರ್ ಕಾಣುವ ಹಾಗೆ ಫೋಟೊ ತೆಗೆದಿದ್ದೆ. ಸಿವಿಎನ್ ಅಂದರೆ ಒಳಗಿನ ಸಾಫ್ಟ್‌ವೇರಿನ ಬೆರಳಚ್ಚು, ಎಂಟು ಅಕ್ಷರದ ಒಂದು ಸಂಖ್ಯೆ. ಒಳಗೆ ಮ್ಯಾಪ್ ಬದಲಾದರೆ ಅದೂ ಬದಲಾಗಬೇಕು. ಆಧುನಿಕ ಕಾರುಗಳಲ್ಲಿ ಬಹುತೇಕ ಓದಲು ಸಿಗುತ್ತದೆ. ಡೀಲರ್ ಅಪ್‌ಡೇಟ್ ಹಾಕಿದಾಗಲೂ ಬದಲಾಗಬಹುದು, ಆದ್ದರಿಂದ ಪ್ರತಿ ಸರ್ವಿಸ್ ನಂತರ ಒಂದು ಫೋಟೊ, ಜೊತೆಗೆ ಜಾಬ್ ಕಾರ್ಡಿನ ಪ್ರತಿ ಇಟ್ಟುಕೊಳ್ಳಿ. ಹೊಸ ಕಾರು ಕೊಂಡವರು ಇವತ್ತು ಸಂಜೆಯೇ ಇದನ್ನು ಮಾಡಿ. ಐದು ನಿಮಿಷದ ಕೆಲಸ.

ಸೋರಿಕೆಯ ಜಾಗ ಬ್ಯಾಟರಿ ಟ್ರೇಯ ಕೆಳಗಿತ್ತು. ಟಾರ್ಚ್ ಹಿಡಿದು ಬಗ್ಗಿದರೆ ಥರ್ಮೋಸ್ಟ್ಯಾಟಿನ ಪ್ಲಾಸ್ಟಿಕ್ ಡಬ್ಬಿಯ ಅಂಚಿನಲ್ಲಿ, ಎರಡು ತುಂಡು ಸೇರುವ ಗೆರೆಯ ಉದ್ದಕ್ಕೂ ಕೂದಲೆಳೆಯಂಥ ಸೀಳು. ಒಣಗಿದ ಕೂಲಂಟ್ ಗುಲಾಬಿ ಬಣ್ಣದ ಉಪ್ಪಿನ ಹಾಗೆ ಹರಳುಗಟ್ಟಿ ಗೇರ್‌ಬಾಕ್ಸಿನವರೆಗೆ ಇಳಿದಿತ್ತು. ಅಷ್ಟು ಹರಳು ಕಟ್ಟಿದೆ ಅಂದರೆ ಇದು ನಿನ್ನೆ ಮೊನ್ನೆಯ ಸೋರಿಕೆಯಲ್ಲ. ಗಾಳಿ ಒಳಬರುವ ಕೊಳವೆ ಇದ್ದದ್ದು ಎಂಜಿನ್ನಿನ ಆಚೆ ಬದಿಗೆ. ಎರಡೂ ಒಂದೇ ಚೌಕಟ್ಟಿನಲ್ಲಿ ಕಾಣುವ ಒಂದು ಫೋಟೊ, ಸೀಳಿನ ಹತ್ತಿರದ್ದು ನಾಲ್ಕು, ಬೆರಳಿಗೆ ಹರಳು ಹತ್ತಿಸಿಕೊಂಡದ್ದು ಒಂದು. ಕಾರನ್ನು ಅವರ ಕೈಗೆ ಕೊಡುವ ಮುಂಚೆಯೇ ತೆಗೆದಿಟ್ಟೆ. ಕೊಟ್ಟ ಮೇಲೆ ನಿಮ್ಮನ್ನು ರಿಪೇರಿ ನಡೆಯುವ ಜಾಗದ ಹತ್ತಿರ ಬಿಡುವುದಿಲ್ಲ, ಇನ್ಶೂರೆನ್ಸ್ ಕಾರಣ ಹೇಳುತ್ತಾರೆ.

ಜಾಬ್ ಕಾರ್ಡಿಗೆ ಸಹಿ ಹಾಕುವಾಗ ಮೂರು ಸಾಲು ಬರೆಸಿ. ಅಡ್ವೈಸರ್ ಬರೆಯದಿದ್ದರೆ ಪೆನ್ನು ಕಸಿದುಕೊಂಡು ನೀವೇ ಬರೆಯಿರಿ. ಒಂದು, ತೊಂದರೆ ನಿಮ್ಮ ಮಾತಿನಲ್ಲಿ, ಕಿಲೋಮೀಟರ್ ಸಮೇತ. ಎರಡು, ನನ್ನ ಒಪ್ಪಿಗೆಯಿಲ್ಲದೆ ಯಾವ ಸಾಫ್ಟ್‌ವೇರನ್ನೂ ಹಾಕಬಾರದು. ಹೊಸದು ಹಾಕಿದರೆ ಹಳೆಯದರ ಸಾಕ್ಷಿ ಅಳಿಸಿಹೋಗುತ್ತದೆ. ಮೂರು, ಬಿಚ್ಚಿದ ಭಾಗ ನನಗೆ ವಾಪಸ್ ಬೇಕು. ವಾರಂಟಿಯಲ್ಲಿ ಬದಲಿಸಿದರೆ ಹಳೇ ಭಾಗ ಕಂಪನಿಗೆ ಹೋಗುತ್ತದೆ, ಸರಿ. ವಾರಂಟಿ ನಿರಾಕರಿಸಿ ನಿಮ್ಮಿಂದ ದುಡ್ಡು ತೆಗೆದುಕೊಂಡರೆ ಆ ಮುರುಕು ನಿಮ್ಮದು. ಕವರಿನಲ್ಲಿ ಹಾಕಿ, ಸೀಲ್ ಮಾಡಿ, ದಿನಾಂಕ ಬರೆದಿಡಿ. ನಾಳೆ ಗ್ರಾಹಕ ಆಯೋಗದ ಮುಂದೆ ಮಾತಾಡುವುದು ಅದೇ.

ಆಮೇಲೆ ಇಮೇಲ್. ಡೀಲರಿಗಷ್ಟೇ ಅಲ್ಲ, ಕಂಪನಿಯ ಗ್ರಾಹಕ ವಿಭಾಗಕ್ಕೆ, ಡೀಲರ್ ಸಿಸಿಯಲ್ಲಿರಲಿ. ನನ್ನದು ಹನ್ನೊಂದು ಸಾಲು ಇತ್ತು. ಮಾಡಿಸಿದ್ದ ಎರಡು ಮಾರ್ಪಾಡನ್ನು ಮೊದಲ ಸಾಲಿನಲ್ಲೇ ನಾನೇ ಹೇಳಿಕೊಂಡೆ, ಸಿವಿಎನ್ ಎರಡು ಫೋಟೊ ಲಗತ್ತಿಸಿದೆ, "ಇದರಿಂದ ಅದು ಕೆಟ್ಟದ್ದು ಹೇಗೆ" ಎಂಬ ಆ ಮೂರನೇ ಪ್ರಶ್ನೆ ಕೇಳಿದೆ, ಹದಿನೈದು ದಿನ ಗಡುವು ಕೊಟ್ಟೆ. "ಮೋಸ", "ಕಳ್ಳರು" ಅಂತ ಏನೂ ಬರೆಯಲಿಲ್ಲ. ಆ ಮೇಜಿನಲ್ಲಿದ್ದಾಗ ನಾನು ಹೆದರುತ್ತಿದ್ದದ್ದು ಬೈಯುವವರಿಗಲ್ಲ, ಇಂಥ ಹನ್ನೊಂದು ಸಾಲಿನವರಿಗೆ.

ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದು ಕೋರ್ಟಲ್ಲ, ಅವರು ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತಾರೆ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಲೀಗಲ್ ನೋಟಿಸ್, ನಂತರ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದಮೇಲೆ ನೀವು ವಾಸವಿರುವ ಊರಿನಲ್ಲೇ ದೂರು ಹಾಕಬಹುದು, ಕಾರು ಬೆಂಗಳೂರಿನಲ್ಲಿ ಕೊಂಡಿದ್ದರೂ ಮೈಸೂರಿನಲ್ಲಿ ನಡೆಯುತ್ತದೆ. ಕಾರಿಗೆ ಕೊಟ್ಟ ಬೆಲೆ 50 ಲಕ್ಷದವರೆಗೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿಯವರೆಗೆ ರಾಜ್ಯ ಆಯೋಗ. ಶುಲ್ಕ ಹತ್ತರಿಂದ 20 ಲಕ್ಷದ ಕಾರಿಗೆ 400 ರೂಪಾಯಿ, 50 ಲಕ್ಷದವರೆಗೆ 1,000. ಇ-ಜಾಗೃತಿ ಪೋರ್ಟಲ್ಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಭಾಗವನ್ನು ಪ್ರಯೋಗಾಲಯಕ್ಕೆ ಕಳಿಸಿ ವರದಿ ತರಿಸುವ ಅಧಿಕಾರ ಆಯೋಗಕ್ಕಿದೆ. ಮೊದಲ ದಿನವೇ ಅರ್ಜಿ ಹಾಕಿ ಅದನ್ನು ಕೇಳಿ, ಸೀಲ್ ಮಾಡಿಟ್ಟ ಕವರು ಆಗ ಕೆಲಸಕ್ಕೆ ಬರುತ್ತದೆ. ಹೊಸ ಕಾರೇ ಬೇಕು ಅಂತ ಹಟ ಹಿಡಿಯಬೇಡಿ. ವಾರಂಟಿಯಲ್ಲಿ ಭಾಗ ಬದಲಿಸುವ ಮಾತಿದ್ದರೆ ಸಿಗುವುದು ಅದೇ, ಇಡೀ ಕಾರಲ್ಲ ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಒಂದು ಮಾರುತಿ ಪ್ರಕರಣದಲ್ಲಿ ಹೇಳಿದೆ.

"ಮಾರ್ಪಾಡು ಮಾಡಿದರೆ ಎಲ್ಲ ರದ್ದು" ಎಂಬ ಸಾಲಿನವರಿಗೆ ಹೇಳುತ್ತೇನೆ ಅಂದಿದ್ದೆನಲ್ಲ, ಆ ಷರತ್ತೇ ಅನ್ಯಾಯದ ಕರಾರು ಎಂದು ವಾದಿಸಲು ಇದೇ ಕಾಯ್ದೆಯಲ್ಲಿ ಜಾಗವಿದೆ. ಆದರೆ ಅಂಥ ದೂರು ಜಿಲ್ಲಾ ಆಯೋಗಕ್ಕಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ವಕೀಲರಿಲ್ಲದೆ ಅದಕ್ಕೆ ಕೈಹಾಕಬೇಡಿ.

ದೂರು ಕೊಡುವ ಮುಂಚೆ ಒಂದು ಎಚ್ಚರ. ದೂರಿನಲ್ಲಿ ಮಾರ್ಪಾಡನ್ನು ನೀವೇ ಒಪ್ಪಿಕೊಂಡಂತಾಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರದಿಂದ ಆಚೆ ಹೋಗುವುದನ್ನು ತಡೆಯುತ್ತದೆ. ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಒಂದೊಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಉಂಟು. ನಮ್ಮ ಪೊಲೀಸರು ಸೈಲೆನ್ಸರುಗಳನ್ನು ರಸ್ತೆ ಮೇಲೆ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವುದನ್ನು ಎಲ್ಲರೂ ನೋಡಿದ್ದೀರಿ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕಿದವರು ಅನ್ಯಾಯ ಆಯಿತು ಅಂತ ಯಾರ ಮುಂದೆಯೂ ಹೋಗದಿರುವುದೇ ಲೇಸು.

ನನಗೆ ಹನ್ನೆರಡನೇ ದಿನ ಫೋನ್ ಬಂತು. ಡಬ್ಬಿ ಬದಲಿಸಿಕೊಡುತ್ತೇವೆ ಅಂದರು. ಹೋದಾಗ ಅದೇ ಅಡ್ವೈಸರ್ ಒಂದು ಕಾಗದ ಮುಂದಿಟ್ಟ: "ಮಾರ್ಪಾಡಿನ ಹೊರತಾಗಿಯೂ ಗುಡ್‌ವಿಲ್ ಆಧಾರದ ಮೇಲೆ." ನಿಮ್ಮ ಹಕ್ಕಲ್ಲ, ಕಂಪನಿಯ ಕೃಪೆ ಅಂತ ಅದರರ್ಥ. ಈ ಸಾಲಿಗೆ ಎಷ್ಟೋ ಜನರಿಂದ ನಾನೇ ಸಹಿ ಹಾಕಿಸಿಕೊಂಡಿದ್ದೇನೆ. ಸಹಿ ಹಾಕಿದರೆ ಮುಂದಿನ ಕ್ಲೇಮಿಗೆ ಅದೇ ಕಾಗದ ಎದುರು ನಿಲ್ಲುತ್ತದೆ. ಹೊಡೆದುಹಾಕಿ "ವಾರಂಟಿ" ಅಂತ ಬರೆಯಪ್ಪ ಅಂದೆ. ಒಳಗೆ ಹೋದ, ಇಪ್ಪತ್ತು ನಿಮಿಷ ಬರಲಿಲ್ಲ. ಬಂದವನು ಬೇರೆ ಕಾಗದ ತಂದಿದ್ದ. ಕೂಲಂಟಿನ ದುಡ್ಡು ಮಾತ್ರ ನಾನು ಕೊಡಬೇಕಂತೆ. ಕೊಟ್ಟೆ.