ಎಆರ್‌ಟಿ ಮಾತ್ರೆ ಬಿಟ್ಟವರು ಮತ್ತೆ ಶುರು ಮಾಡುವ ಬಗೆ

ನಾನು ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆ ಕೊಡುವ ಕೇಂದ್ರದಲ್ಲಿ ಆಪ್ತಸಮಾಲೋಚಕಿ. ಮಾತ್ರೆ ಬಿಟ್ಟು ಬಹಳ ಕಾಲದ ಮೇಲೆ ಬಂದವರು ಮೊದಲು ಕ್ಷಮೆ ಕೇಳುತ್ತಾರೆ. ದಯವಿಟ್ಟು ಕೇಳಬೇಡಿ. ಯಾವ ಮಾತ್ರೆ ನುಂಗುತ್ತಿದ್ದಿರಿ, ಹೆಚ್ಚುಕಮ್ಮಿ ಯಾವಾಗ ನಿಂತಿತು, ಈಗ ಮೈಗೆ ಏನಾಗುತ್ತಿದೆ ಎಂದು ಹೇಳಿದರೆ ಸಾಕು. ಹಳೆಯ ಚೀಟಿ, ಖಾಲಿ ಡಬ್ಬಿ ಇದ್ದರೆ ತನ್ನಿ, ಇಲ್ಲದಿದ್ದರೂ ಬನ್ನಿ. ಮೊದಲಿನ ಕೇಂದ್ರಕ್ಕೆ ಹೋಗಲು ಮುಜುಗರವಾದರೆ ಬೇರೆ ಕೇಂದ್ರಕ್ಕೆ ಹೋಗಿ.

ಮನೆಯಲ್ಲಿ ಉಳಿದ ಮಾತ್ರೆಗಳನ್ನು ನೀವಾಗಿಯೇ ನುಂಗಲು ಶುರು ಮಾಡಬೇಡಿ. ಮೊದಲು ಸಿಡಿ4 ಪರೀಕ್ಷೆ, ಅಂದರೆ ರಕ್ತದಲ್ಲಿ ರೋಗನಿರೋಧಕ ಕಣಗಳ ಎಣಿಕೆ ಆಗಲಿ. ಅದು 200ಕ್ಕಿಂತ ಕಡಿಮೆಯಿದ್ದರೆ ಮುಂದುವರಿದ ಹಂತದ ಎಚ್‌ಐವಿ ಎಂದು ಲೆಕ್ಕ. ನೋಡಲು ಗಟ್ಟಿಮುಟ್ಟಾಗಿರುವವರಲ್ಲೂ ಅದು ಕುಸಿದಿರಬಹುದು. ಆದ್ದರಿಂದ ಯಾರೂ ಹೇಳದಿದ್ದರೆ ನೀವೇ ಬಾಯಿಬಿಟ್ಟು ಕೇಳಿ.

ಎಣಿಕೆ ಕಡಿಮೆ ಬಂದರೆ ಕ್ಷಯಕ್ಕಾಗಿ ಕಫ ಮತ್ತು ಮೂತ್ರದ ಪರೀಕ್ಷೆ, ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರಕ್ಕಾಗಿ ರಕ್ತಪರೀಕ್ಷೆ ಆಗಬೇಕು. ಇತರ ಸೋಂಕು ತಡೆಯಲು ಕೋಟ್ರಿಮಾಕ್ಸಜೋಲ್ ಕೊಡುತ್ತಾರೆ. ತಲೆನೋವಿದ್ದರೆ ಖಂಡಿತ ಮುಚ್ಚಿಡಬೇಡಿ. ಮಿದುಳಿನ ಪೊರೆಗೆ ಕ್ಷಯವೋ ಆ ಶಿಲೀಂಧ್ರವೋ ತಗುಲಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ಎಆರ್‌ಟಿಯನ್ನು ಸಾಮಾನ್ಯವಾಗಿ ಕನಿಷ್ಠ 4 ವಾರ ಮುಂದೂಡುತ್ತಾರೆ, ಆತುರಪಟ್ಟರೆ ಜೀವಕ್ಕೇ ಅಪಾಯ. ಅಂಥ ಲಕ್ಷಣವಿಲ್ಲದವರಿಗೆ ಅದೇ ದಿನವೂ ಶುರು ಮಾಡಬಹುದು.

ಈಗ ಹೆಚ್ಚಿನವರಿಗೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೊಮ್ಮೆ. ಕ್ಷಯಕ್ಕೆ ರಿಫಾಂಪಿಸಿನ್ ನುಂಗುತ್ತಿದ್ದರೆ ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಇನ್ನೊಮ್ಮೆ ಬೇಕು. ಆಸಿಡಿಟಿಯ ಔಷಧ, ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳುವವರು ಅದನ್ನೂ ಹೇಳಿ. ಒಟ್ಟಿಗೆ ನುಂಗಿದರೆ ಡೊಲುಟೆಗ್ರಾವಿರ್ ಮೈಗೆ ಹತ್ತುವುದು ಕಡಿಮೆಯಾಗುತ್ತದೆ.

ಮೊದಲ ಮೂರು ತಿಂಗಳ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಸೊರಗಿದ್ದ ರೋಗನಿರೋಧಕ ಶಕ್ತಿ ಚೇತರಿಸಿಕೊಂಡಾಗ, ಒಳಗೆ ಅಡಗಿದ್ದ ಸೋಂಕಿನ ಮೇಲೆ ಒಮ್ಮೆಲೇ ತಿರುಗಿ ಬೀಳಬಹುದು. ಆಗ ಜ್ವರ ಬರುತ್ತದೆ, ಕುತ್ತಿಗೆಯ ಗಂಟು ಊದುತ್ತದೆ. ‘ಮಾತ್ರೆ ನುಂಗಿದ ಮೇಲೆಯೇ ಹೀಗಾಯಿತು’ ಎಂದು ನಿಲ್ಲಿಸಿಬಿಡುತ್ತಾರೆ. ನಿಲ್ಲಿಸದೆ ಕೇಂದ್ರಕ್ಕೆ ಬನ್ನಿ, ಅದಕ್ಕೂ ಮದ್ದಿದೆ. ನಾಲ್ಕು ಹೆಜ್ಜೆಗೇ ಉಬ್ಬಸ, ಕಣ್ಣು ಮಂಜು, ಫಿಟ್ಸ್, ವಾಂತಿಯೊಂದಿಗೆ ತೀವ್ರ ತಲೆನೋವು, ಇವುಗಳಲ್ಲಿ ಯಾವುದಾದರೂ ಕಂಡರೆ ಚೀಟಿಯಲ್ಲಿ ಬರೆದ ತಾರೀಖಿಗೆ ಕಾಯದೆ ಆ ಕೂಡಲೇ ಆಸ್ಪತ್ರೆಗೆ ಹೋಗಿ.

ಮಾತ್ರೆ ಯಾಕೆ ನಿಂತಿತು ಎಂದು ನಾನು ಕೇಳುವುದು ಗದರಿಸಲಿಕ್ಕಲ್ಲ. ರಾತ್ರಿ ಪಾಳಿಯವರಿಗೆ ಹೊತ್ತು ಬದಲಿಸಬಹುದು. ಡಬ್ಬಿ ಯಾರಿಗೋ ಕಾಣುವ ಭಯವಿದ್ದರೆ ಎಲ್ಲಿಡುವುದೆಂದು ಸೇರಿ ಯೋಚಿಸಬಹುದು. ಕುಡಿತ, ಖಿನ್ನತೆಗೆ ಬೇರೆಯೇ ಚಿಕಿತ್ಸೆ ಇದೆ. ಯಾವ ಹೊತ್ತಿಗೆ ಫೋನ್ ಮಾಡಲಿ, ಬೇರೆಯವರು ಎತ್ತಿದರೆ ನಾನು ಯಾರೆಂದು ಹೇಳಲಿ ಎಂಬುದನ್ನೂ ಬರೆದುಕೊಳ್ಳುತ್ತೇನೆ. ನಿಮ್ಮ ಕೇಂದ್ರದಲ್ಲಿ ಕೇಳದಿದ್ದರೆ ನೀವೇ ಬರೆಸಿ.

ಕೆಲವು ತಿಂಗಳ ಬಳಿಕ ವೈರಲ್ ಲೋಡ್, ಅಂದರೆ ರಕ್ತದಲ್ಲಿ ಎಷ್ಟು ವೈರಸ್ ಇದೆ ಎಂದು ನೋಡುತ್ತಾರೆ. ಸಿಡಿ4 ನಿಧಾನವಾಗಿ ಏರುತ್ತದೆ. ವೈದ್ಯರು ಹೇಳುವ ತನಕ ಕೋಟ್ರಿಮಾಕ್ಸಜೋಲ್ ಬಿಡಬೇಡಿ, ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ನಿಲ್ಲುವ ತನಕ ಕಾಂಡೋಮ್ ಬಿಡಬೇಡಿ.