ಗ್ಡಾನ್ಸ್ಕ್‌ಗೆ ಹೊರಡುವ ಮುನ್ನ: ಹಲಾಲ್ ಊಟ, ನಮಾಝ್, ನಿಧಾನದ ತಿರುಗಾಟ

ಪೋಲೆಂಡಿನ ಉತ್ತರ ಅಂಚಿನಲ್ಲಿ, ಬಾಲ್ಟಿಕ್ ಸಮುದ್ರಕ್ಕೆ ಅಂಟಿಕೊಂಡಿರುವ ಹಳೆಯ ಬಂದರು ಗ್ಡಾನ್ಸ್ಕ್. ಅಲ್ಲಿಗೆ ಹೊರಟವರು ಮೊದಲು ಹುಡುಕುವುದು ಹಲಾಲ್ ಹೋಟೆಲುಗಳ ಪಟ್ಟಿಯನ್ನು. ಅದು ಆಮೇಲಿನ ಮಾತು. ಯಾವ ತಿಂಗಳಲ್ಲಿ ಹೋಗುತ್ತೀರಿ, ಉಳಿಯುವ ಮನೆಯಲ್ಲಿ ಅಡುಗೆಮನೆ ಇದೆಯೇ ಎಂಬ ಎರಡು ವಿಷಯ ಮೊದಲೇ ಸರಿಹೋದರೆ ಊಟವೂ ನಮಾಝೂ ಓಡಾಟವೂ ತಾವಾಗಿ ಹೊಂದಿಕೊಳ್ಳುತ್ತವೆ. ಇವೆರಡು ತಪ್ಪಿದರೆ ದಿನವೆಲ್ಲ ಫೋನ್ ನೋಡುತ್ತಾ ಅಲೆಯುವುದೇ ಆಗುತ್ತದೆ.

ತಿಂಗಳಿನ ವಿಷಯ ಯಾಕೆ ಇಷ್ಟು ಮುಖ್ಯ? ಗ್ಡಾನ್ಸ್ಕ್ ಇರುವುದು 54 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬೆಂಗಳೂರು 13ರ ಆಸುಪಾಸಿನಲ್ಲಿದೆ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ 9.20ರ ಹೊತ್ತಿಗೆ, ಹುಟ್ಟುವುದು ಬೆಳಗಿನ ಜಾವ 4.10ರ ಸುಮಾರಿಗೆ. ನಡುವಿನ ಹೊತ್ತಿನಲ್ಲೂ ಪೂರ್ತಿ ಕತ್ತಲಾಗುವುದಿಲ್ಲ. ಮುಂಜಾವಿನ ಫಜರ್ ಮತ್ತು ರಾತ್ರಿಯ ಇಶಾ ನಮಾಝಿನ ಸಮಯವನ್ನು ಹಲವು ಆ್ಯಪ್‌ಗಳು ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿಯುವ ಲೆಕ್ಕದಲ್ಲಿ ತೋರಿಸುತ್ತವೆ. ಮೇ ಎರಡನೇ ವಾರದಿಂದ ಆಗಸ್ಟ್ ಆರಂಭದವರೆಗೆ ಗ್ಡಾನ್ಸ್ಕ್‌ನಲ್ಲಿ ಸೂರ್ಯ ಅಷ್ಟು ಕೆಳಗಿಳಿಯುವುದೇ ಇಲ್ಲ. ಹಾಗಾಗಿ ಒಂದು ಆ್ಯಪ್ ಒಂದು ಸಮಯ ತೋರಿಸಿದರೆ ಇನ್ನೊಂದು ಒಂದೂವರೆ ಗಂಟೆ ಆಚೀಚೆ ತೋರಿಸುತ್ತದೆ. ಯಾವುದೂ ಕೆಟ್ಟಿಲ್ಲ, ನಡುರಾತ್ರಿಯ ಲೆಕ್ಕ, ರಾತ್ರಿಯ ಏಳನೇ ಒಂದು ಭಾಗದ ಲೆಕ್ಕ ಎಂದು ಬೇರೆ ಬೇರೆ ವಿಧಾನಗಳನ್ನು ಅವು ಹಿಡಿದಿರುತ್ತವೆ. ಬೇಸಿಗೆಯಲ್ಲೇ ಹೋಗಬೇಕಾಗಿ ಬಂದರೆ ಸ್ಥಳೀಯ ಮಸೀದಿಯ ವೇಳಾಪಟ್ಟಿಯೊಂದನ್ನೇ ಅನುಸರಿಸಿ, ಉಳಿದದ್ದನ್ನು ಬಿಟ್ಟುಬಿಡಿ.

ಡಿಸೆಂಬರಿನಲ್ಲಿ ಕಷ್ಟ ಇನ್ನೊಂದು ಬಗೆಯದು. ಎಂಟು ಗಂಟೆಗೆ ಹುಟ್ಟಿದ ಸೂರ್ಯ ಮಧ್ಯಾಹ್ನ 3.20ರ ಹೊತ್ತಿಗೆ ಮುಳುಗಿರುತ್ತಾನೆ. ಮಧ್ಯಾಹ್ನದ ಝುಹರ್, ಇಳಿಹೊತ್ತಿನ ಅಸರ್, ಸೂರ್ಯಾಸ್ತದ ಮಗ್ರಿಬ್ ಮೂರೂ ನಾಲ್ಕು ಗಂಟೆಯೊಳಗೆ ಸಾಲಾಗಿ ಬರುವುದರಿಂದ ಒಂದು ಮ್ಯೂಸಿಯಂ ಒಳಗೆ ಹೋದರೆ ಒಂದು ನಮಾಝ್ ತಪ್ಪುವ ಹಾಗಿರುತ್ತದೆ.

ಸೆಪ್ಟೆಂಬರ್ ನನಗೆ ಎಲ್ಲಕ್ಕಿಂತ ಒಪ್ಪಿಗೆಯಾದ ತಿಂಗಳು. ಮೂರನೇ ವಾರದಲ್ಲಿ ಸೂರ್ಯೋದಯ ಆರೂವರೆಗೆ, ಝುಹರ್ ಆರಂಭ 12.40ರ ಸುಮಾರಿಗೆ, ಮಗ್ರಿಬ್ ಆರೂಮುಕ್ಕಾಲಿಗೆ. ಹೆಚ್ಚುಕಡಿಮೆ ಊರಿನದೇ ದಿನಚರಿ. ಹಗಲು 18 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ, ಆದರೆ ಸಮುದ್ರದ ಗಾಳಿ ಚುಚ್ಚುತ್ತದೆ. ಸ್ವೆಟರಿಗಿಂತ ಗಾಳಿ ತಡೆಯುವ ಜಾಕೆಟ್ ಉಪಯೋಗಕ್ಕೆ ಬರುತ್ತದೆ. ಏಪ್ರಿಲ್ ಕೊನೆಯೂ ಆಗಬಹುದು. ಜುಲೈ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮೂರು ವಾರ ಸಂತ ಡೊಮಿನಿಕ್ ಜಾತ್ರೆ ನಡೆಯುತ್ತದೆ. 1260ರಿಂದ ಹೆಸರಾದ ಜಾತ್ರೆ, ನೋಡುವಂಥದ್ದೇ, ಆದರೆ ಆಗ ಮನೆ ಬಾಡಿಗೆ ಏರುತ್ತದೆ, ಹಳೆ ಪೇಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ಆರಾಮಾಗಿ ಇರಬೇಕೆಂದರೆ ಆ ದಿನಗಳು ಬೇಡ.

ಎಷ್ಟು ದಿನ ಎಂಬುದಕ್ಕೂ ಒಂದು ಲೆಕ್ಕವಿದೆ. ಶಾಫಿಈ ಮದ್‌ಹಬ್‌ನಲ್ಲಿ (ಧರ್ಮಶಾಸ್ತ್ರದ ಪಂಥ) ಬಂದ ದಿನ, ಹೊರಡುವ ದಿನ ಬಿಟ್ಟು ನಾಲ್ಕು ಪೂರ್ತಿ ದಿನ ಒಂದೇ ಊರಲ್ಲಿ ತಂಗುವ ಉದ್ದೇಶವಿದ್ದರೆ ಪ್ರಯಾಣಿಕರಿಗೆ ನಮಾಝಿನಲ್ಲಿರುವ ರಿಯಾಯಿತಿ ಮುಗಿಯುತ್ತದೆ. ಮೂರು ಪೂರ್ತಿ ದಿನಕ್ಕೆ ನಿಲ್ಲಿಸಿದರೆ ಝುಹರ್-ಅಸರ್, ಮಗ್ರಿಬ್-ಇಶಾ ಜೊತೆಗೂಡಿಸಿ ಖಸರ್ (ನಮಾಝ್ ಮೊಟಕುಗೊಳಿಸುವುದು) ಮಾಡಲು ಅವಕಾಶವಿದೆ. ಊರು ನೋಡಲಿಕ್ಕೂ ಅಷ್ಟು ದಿನ ಸಾಕು. ಹನಫಿಗಳಿಗೆ ಖಸರ್‌ನ ಮಿತಿ ಹದಿನೈದು ದಿನ, ಆದರೆ ಜೊತೆಗೂಡಿಸುವುದಿಲ್ಲ. ಹೊರಡುವ ಮುಂಚೆ ನಿಮ್ಮ ಉಸ್ತಾದರ ಹತ್ತಿರ ಒಮ್ಮೆ ಕೇಳಿಕೊಳ್ಳಿ. ಖಿಬ್ಲಾ, ಅಂದರೆ ಮಕ್ಕಾದ ದಿಕ್ಕನ್ನು ಮನಸ್ಸಿನಲ್ಲಿ ತಿದ್ದಿಕೊಳ್ಳಬೇಕು. ನಮ್ಮಲ್ಲಿ ಪಶ್ಚಿಮಕ್ಕೆ ನಿಂತು ರೂಢಿ; ಅಲ್ಲಿ ಆಗ್ನೇಯಕ್ಕೆ, ಉತ್ತರದಿಂದ ಸುಮಾರು 146 ಡಿಗ್ರಿ. ಹಳೆ ಪೇಟೆಯ ಮನೆಗಳಲ್ಲಿ ಕಬ್ಬಿಣದ ತೊಲೆಗಳ ಹತ್ತಿರ ಫೋನಿನ ದಿಕ್ಸೂಚಿ ತಪ್ಪು ತೋರಿಸಬಹುದು. ನಕ್ಷೆಯಲ್ಲಿ ರಸ್ತೆಯ ದಿಕ್ಕು ನೋಡಿ ಲೆಕ್ಕ ಹಾಕಿದರೆ ತಪ್ಪಾಗುವುದಿಲ್ಲ.

ವುಝೂ, ಅಂದರೆ ನಮಾಝಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವಿಷಯದಲ್ಲಿ ಖುಫ್ಫ್ ಎನ್ನುವ ಚರ್ಮದ ಕಾಲುಚೀಲ ಬಹಳ ಉಪಕಾರಿ. ವುಝೂ ಇರುವಾಗ ಹಾಕಿಕೊಂಡರೆ ಪ್ರಯಾಣಿಕರು ಮೂರು ದಿನ, ಮೂರು ರಾತ್ರಿ ಕಾಲು ತೊಳೆಯದೆ ಅದರ ಮೇಲೆ ಒದ್ದೆ ಕೈ ಸವರಿ ಮಸಹ್ ಮಾಡಬಹುದು. ಮ್ಯೂಸಿಯಂನ ಕೈತೊಳೆಯುವ ಬೇಸಿನ್ನಿಗೆ ಕಾಲೆತ್ತುವ ಮುಜುಗರ ತಪ್ಪುತ್ತದೆ, ನೆಲವೂ ಒದ್ದೆಯಾಗುವುದಿಲ್ಲ. ಶೌಚಾಲಯಗಳಲ್ಲಿ ನೀರಿನ ಪೈಪ್ ಇರುವುದಿಲ್ಲ. ಅರ್ಧ ಲೀಟರಿನ ಖಾಲಿ ಬಾಟಲಿಯೊಂದು ಚೀಲದಲ್ಲಿರಲಿ.

ಇನ್ನು ಮನೆ. ಮೊತ್ವಾವಾ ನದಿಯ ನಡುವಿನ ಉಗ್ರಾಣಗಳ ದ್ವೀಪದಲ್ಲಿ, ಮುಖ್ಯ ಪೇಟೆಯ ಒಳಬೀದಿಗಳಲ್ಲಿ ಅಡುಗೆಮನೆ ಸಹಿತ ಅಪಾರ್ಟ್‌ಮೆಂಟುಗಳು ಬೇಕಾದಷ್ಟಿವೆ. ಬೆಳಗಿನ ತಿಂಡಿ ಸೇರಿದ ಹೋಟೆಲ್ ರೂಮಿಗಿಂತ ಇವು ಒಳ್ಳೆಯದು. ಹೋಟೆಲಿನ ಬಫೆಯಲ್ಲಿ ಹಂದಿಮಾಂಸದ ತೆಳು ಹೋಳುಗಳ ಪಕ್ಕದಲ್ಲೇ ಚೀಸ್ ಇರುತ್ತದೆ, ಒಂದೇ ಇಕ್ಕಳ ಎರಡಕ್ಕೂ ಓಡಾಡುತ್ತದೆ. ಮೊಟ್ಟೆ ಬುರ್ಜಿಯನ್ನು ಬೇಕನ್ ಹುರಿದ ಬಾಣಲೆಯಲ್ಲೇ ಮಾಡಿರಬಹುದು. ಹೋಟೆಲೇ ಗತಿಯಾದರೆ ಸಿಪ್ಪೆ ಸಮೇತದ ಬೇಯಿಸಿದ ಮೊಟ್ಟೆ, ಹಣ್ಣು, ಮೊಸರು ಸಾಕು. ಮನೆ ಹಳೆ ಪೇಟೆಯೊಳಗಿದ್ದರೆ ಮಧ್ಯಾಹ್ನ ಹತ್ತು ನಿಮಿಷದಲ್ಲಿ ಹಿಂತಿರುಗಿ, ಊಟ, ನಮಾಝ್, ಸ್ವಲ್ಪ ನಿದ್ದೆ ಮುಗಿಸಿ ಮತ್ತೆ ಹೊರಡಬಹುದು. ಈ ಪ್ರವಾಸದ ಆರಾಮವೆಲ್ಲ ಇರುವುದು ಆ ಮಧ್ಯಾಹ್ನದಲ್ಲೇ.

ಊರಿಂದ ಅಕ್ಕಿ, ಬೇಳೆ, ಸಾರಿನ ಪುಡಿ, ಅವಲಕ್ಕಿ ಒಯ್ಯಬಹುದು. ತುಪ್ಪ, ಹಾಲಿನ ಪುಡಿ, ಮಾಂಸದ ಉಪ್ಪಿನಕಾಯಿ ಒಯ್ಯಬಾರದು. ಹೊರಗಿನ ದೇಶಗಳ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಅಡುಗೆಮನೆಯಲ್ಲಿ ಬಹುಮಟ್ಟಿಗೆ ಇಂಡಕ್ಷನ್ ಒಲೆ ಇರುವುದರಿಂದ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬಾರದು, ತಳದಲ್ಲಿ ಅಯಸ್ಕಾಂತ ಅಂಟುವ ಸ್ಟೀಲ್ ಪಾತ್ರೆಯೇ ಬೇಕು. ವಿದ್ಯುತ್ ನಮ್ಮಂತೆಯೇ 230 ವೋಲ್ಟ್, ಆದರೆ ಮೂರು ಪಿನ್ನಿನ ನಮ್ಮ ಪ್ಲಗ್ ಹೋಗುವುದಿಲ್ಲ, ಅಡಾಪ್ಟರ್ ಬೇಕು. ಭಾನುವಾರದ ಬಗ್ಗೆ ಎಚ್ಚರವಿರಲಿ. 2018ರಿಂದ ಹಂತಹಂತವಾಗಿ ಬಂದ ಕಾನೂನಿನಂತೆ ವರ್ಷದ ಹೆಚ್ಚಿನ ಭಾನುವಾರ ಬಿಯೆದ್ರೊಂಕಾ, ಲಿಡ್ಲ್‌ನಂಥ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ. ತರಕಾರಿ, ಹಾಲು, ಬ್ರೆಡ್ಡು ಶನಿವಾರವೇ ತಂದಿಡಿ. ಮರೆತರೆ ಝಾಬ್ಕಾ ಎಂಬ ಹಸಿರು ಫಲಕದ ಸಣ್ಣ ಅಂಗಡಿಗಳಲ್ಲಿ ಅಷ್ಟಿಷ್ಟು ಸಿಗುತ್ತದೆ.

ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ಅಲರ್ಜಿಯ ಪದಾರ್ಥಗಳನ್ನು ಮುದ್ರಿಸಿರುತ್ತಾರೆ. ಅದನ್ನಷ್ಟೇ ನೋಡಿ ನಿರಾಳವಾಗಬೇಡಿ, ಆ ಹದಿನಾಲ್ಕರ ಪಟ್ಟಿಯಲ್ಲಿ ಹಂದಿಮಾಂಸವೂ ಇಲ್ಲ, ಮದ್ಯವೂ ಇಲ್ಲ. ಪೂರ್ತಿ ಪಟ್ಟಿ ಓದಬೇಕು. ವ್ಯೆಪ್‌ಶೊವಿನಾ ಎಂದರೆ ಹಂದಿಮಾಂಸ, ಶಿಂಕಾ ಅದರ ತೊಡೆಯ ಭಾಗ, ಬೋಚೆಕ್ ಬೇಕನ್, ಸ್ಮಾಲೆಟ್ಸ್ ಹಂದಿಕೊಬ್ಬು, ಸ್ಕ್ವಾರ್ಕಿ ಕೊಬ್ಬಿನ ಕರಿದ ಚೂರು, ಝೆಲಾತಿನಾ ಜೆಲಟಿನ್. ಜೆಲಟಿನ್ ಕೆಲವು ಮೊಸರು, ಮಿಠಾಯಿಗಳಲ್ಲಿ ಅಡಗಿರುತ್ತದೆ. ಇವನ್ನು ಪೋಲಿಷ್ ಅಕ್ಷರಗಳಲ್ಲಿ ಬರೆದು ಫೋನಿನಲ್ಲಿ ಇಟ್ಟುಕೊಳ್ಳಿ; ಬಾಯಲ್ಲಿ ಹೇಳಿದ್ದಕ್ಕಿಂತ ತೋರಿಸಿದ್ದು ಬೇಗ ಅರ್ಥವಾಗುತ್ತದೆ.

ಹೊರಗಿನ ಊಟಕ್ಕೆ ಮೀನೇ ಆಸರೆ. ಕರಾವಳಿಯವರಿಗೆ ಇದರಲ್ಲಿ ಕಷ್ಟವೇನಿಲ್ಲ. ಸ್ಮಝಾಲ್ನಿಯಾ ಎಂಬ ಮೀನು ಕರಿಯುವ ಅಂಗಡಿಗಳಲ್ಲಿ ಫಲಕದ ಬೆಲೆ ಪ್ಲೇಟಿನದಲ್ಲ, 100 ಗ್ರಾಮಿನದು. 350 ಗ್ರಾಂ ತುಂಡು ಬಂದರೆ ಬಿಲ್ಲು ಮೂರೂವರೆ ಪಟ್ಟು. ಹಾಕುವ ಮುನ್ನ ತೂಕ ಕೇಳಿ, ಚಿಕ್ಕ ತುಂಡು ತೋರಿಸಿ. ಡೊರ್ಶ್ ಅಂದರೆ ಕಾಡ್ ಮೀನು ಎಲ್ಲ ಕಡೆ ಸಿಗುತ್ತದೆ, ಆದರೆ ಅದು ಬಹುಮಟ್ಟಿಗೆ ಹೊರಗಿನಿಂದ ಬಂದದ್ದು. ಪೂರ್ವ ಬಾಲ್ಟಿಕ್‌ನ ಕಾಡ್ ಸಂತತಿ ಕುಸಿದು 2019ರಲ್ಲಿ ಯುರೋಪಿಯನ್ ಒಕ್ಕೂಟ ಅದನ್ನು ಹಿಡಿಯುವುದನ್ನು ನಿಲ್ಲಿಸಿತು. ಅಲ್ಲಿಯದೇ ಮೀನು ಬೇಕೆಂದರೆ ಫ್ಲೊಂದ್ರಾ ಎಂಬ ಚಪ್ಪಟೆ ಮೀನು ಅಥವಾ ಶ್ಲೆಜ್ ಎಂಬ ಹೆರಿಂಗ್ ಕೇಳಿ. ಫ್ಲೊಂದ್ರಾಗೆ ಬರಿ ಹಿಟ್ಟು ಸವರಿ ಇಡಿಯಾಗಿ ಕರಿಯುತ್ತಾರೆ, ಅಂಚಿನ ಮುಳ್ಳು ಗರಿಗರಿಯಾಗುತ್ತದೆ, ಬಹಳ ರುಚಿ. ಎರಡು ಪ್ರಶ್ನೆ ಮರೆಯಬೇಡಿ: ಹಿಟ್ಟು ಬಿಯರಿನಲ್ಲಿ ಕಲಸಿದ್ದೇ, ಅದೇ ಎಣ್ಣೆಯಲ್ಲಿ ಮಾಂಸ ಕರಿಯುತ್ತೀರಾ? ಬರೀ ಮೀನು ಮಾರುವ ಅಂಗಡಿಯಲ್ಲಿ ಎರಡನೆಯದಕ್ಕೆ ಉತ್ತರ ಸಾಮಾನ್ಯವಾಗಿ ಇಲ್ಲ ಎಂದಿರುತ್ತದೆ. ಎಲ್ಲ ಸಿಗುವ ರೆಸ್ಟೋರೆಂಟಿನಲ್ಲಿ ಹಾಗೆ ನಂಬಲಾಗದು.

ಬಾರ್ ಮ್ಲೆಚ್ನಿ ಎಂಬ ಹಳೆಯ ಕಾಲದ ಅಗ್ಗದ ಕ್ಯಾಂಟೀನುಗಳಿಗೆ ಹೆಸರಿನಲ್ಲಷ್ಟೇ ಬಾರ್. ಅರ್ಥ ಹಾಲಿನ ಕ್ಯಾಂಟೀನ್. ದ್ವುಗಾ ಬೀದಿಯ ನೆಪ್ಟೂನ್, ಶೆರೋಕಾ ಬೀದಿಯ ತುರಿಸ್ತಿಚ್ನಿ ಹೆಸರಾದವು. ಸಿಹಿ ಚೀಸ್ ತುಂಬಿದ ನಲೆಶ್ನಿಕಿ ಎಂಬ ತೆಳು ದೋಸೆ, ನಮ್ಮ ಕರ್ಜಿಕಾಯಿಯ ಆಕಾರದ ಪಿಯೆರೊಗಿ ಅಲ್ಲಿ ಸಿಗುತ್ತವೆ. ಪಿಯೆರೊಗಿಯಲ್ಲಿ ಆಲೂಗಡ್ಡೆ-ಚೀಸಿನದು ಅಥವಾ ಎಲೆಕೋಸು-ಅಣಬೆಯದು ತಗೊಳ್ಳಿ. ತೊಂದರೆ ಇರುವುದು ಒಳಗಿನ ಹೂರಣದಲ್ಲಲ್ಲ, ಮೇಲೆ ಉದುರಿಸುವ ಸ್ಕ್ವಾರ್ಕಿಯಲ್ಲಿ. ಬಡಿಸುವ ಮುನ್ನವೇ "ಬೆಸ್ ಸ್ಕ್ವಾರೆಕ್" ಎಂದು ಹೇಳಿ, ಬೆಣ್ಣೆ ಹಾಕಿಸಿಕೊಳ್ಳಿ. ಹುರಿದದ್ದು ಬೇಡ, ನೀರಲ್ಲಿ ಬೇಯಿಸಿದ್ದೇ ಇರಲಿ. ಝುರೆಕ್ ಸೂಪಿನಲ್ಲಿ ಸಾಸೇಜ್ ಇದ್ದೇ ಇರುತ್ತದೆ. ಸಾಂಪ್ರದಾಯಿಕ ರೆಸ್ಟೋರೆಂಟಿನಲ್ಲಿ ಕೂತ ತಕ್ಷಣ ಬ್ರೆಡ್ಡಿನ ಜೊತೆ ಚಿಕ್ಕ ಬಟ್ಟಲಲ್ಲಿ ಬೆಣ್ಣೆಯಂತೆ ಬೆಳ್ಳಗಿರುವುದು, ನಡುವೆ ಕಂದು ಚೂರುಗಳಿರುವುದು ಬಂದರೆ ಅದು ಸ್ಮಾಲೆಟ್ಸ್. ಕೇಳದೆಯೇ ಬರುತ್ತದೆ, ಮಕ್ಕಳು ಮೊದಲು ಕೈಹಾಕುವುದೂ ಅದಕ್ಕೇ.

ಕೆಬಾಬ್ ಅಂಗಡಿಗಳು ಹೆಜ್ಜೆಗೊಂದು ಇವೆ. ಗೋಡೆಯ ಮೇಲೆ ಹಲಾಲ್ ಎಂಬ ಸ್ಟಿಕ್ಕರ್ ಇದ್ದರೆ ಅದೇ ಪ್ರಮಾಣಪತ್ರವಲ್ಲ. ಮಾಂಸ ಪೂರೈಸುವವರ ಪತ್ರ ತೋರಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ, ಪ್ರಾಮಾಣಿಕ ಮಾಲೀಕರು ತೋರಿಸುತ್ತಾರೆ. 2013ರ ಆರಂಭದಿಂದ ಪೋಲೆಂಡಿನಲ್ಲಿ ಧಾರ್ಮಿಕ ವಿಧಿಯ ವಧೆಗೆ ನಿಷೇಧವಿತ್ತು. 2014ರ ಡಿಸೆಂಬರಿನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಮಂಡಳಿ ಅದನ್ನು ತೆಗೆದುಹಾಕಿತು. ಹಾಗಾಗಿ ಸರಿಯಾದ ಹಲಾಲ್ ಮಾಂಸ ದೇಶದೊಳಗೇ ತಯಾರಾಗುತ್ತದೆ, ಪತ್ರವಿಲ್ಲದ್ದಕ್ಕೆ ನೆಪ ಹೇಳಲಾಗದು.

ಶುಕ್ರವಾರವನ್ನು ಓಲಿವಾ ಬಡಾವಣೆಗೆ ಇಟ್ಟುಕೊಳ್ಳಿ. ಅಬ್ರಹಾಮಾ ಬೀದಿಯಲ್ಲಿ ಮಿನಾರವಿರುವ ಮಸೀದಿ ಇದೆ. 1984ರಲ್ಲಿ ಅಡಿಗಲ್ಲು ಹಾಕಿ 1990ರಲ್ಲಿ ತೆರೆದದ್ದು. ಕಟ್ಟಲು ಮುಂದಾದವರು ಪೋಲಿಷ್ ತಾತಾರರು. ಹದಿನಾಲ್ಕನೇ ಶತಮಾನದಿಂದ ಆ ನಾಡಿನಲ್ಲಿ ನೆಲೆಸಿದ ಮುಸ್ಲಿಮರು ಇವರು, ಎರಡನೇ ಮಹಾಯುದ್ಧದ ನಂತರ ಪೂರ್ವದಿಂದ ಹಲವು ಕುಟುಂಬಗಳು ಇಲ್ಲಿಗೆ ಬಂದವು. ಬೆಳಗ್ಗೆ ಓಲಿವಾ ಪಾರ್ಕಿನಲ್ಲಿ ಕೂತಿದ್ದು, ಜುಮಾ ಮುಗಿಸಿ, ಟ್ರಾಮ್‌ನಲ್ಲಿ ಯೆಲಿತ್ಕೊವೊ ಕಡಲತೀರಕ್ಕೆ ಹೋಗಿ, ಅಲ್ಲಿಂದ ಮರಳ ದಂಡೆಯಲ್ಲೇ ಪಕ್ಕದ ಊರಾದ ಸೊಪೊಟ್ ಕಡೆ ನಡೆಯಬಹುದು. ಸಮುದ್ರದೊಳಕ್ಕೆ ಚಾಚಿಕೊಂಡಿರುವ ಸೊಪೊಟ್‌ನ ಮರದ ಸೇತುವೆಯ ಒಟ್ಟು ಉದ್ದ 511 ಮೀಟರ್. ಕತ್ತಲಾದ ಮೇಲೆ ಅಲ್ಲಿನ ಬೀದಿಯೆಲ್ಲ ಕುಡಿತದ ಗದ್ದಲ, ಮಗ್ರಿಬ್‌ಗೆ ಮುಂಚೆ ರೈಲು ಹಿಡಿಯುವುದು ವಾಸಿ. ಲೋಕಲ್ ರೈಲಿಗೆ ಕಾಗದದ ಟಿಕೆಟ್ ತಗೊಂಡರೆ ಹತ್ತುವ ಮುನ್ನ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಒತ್ತದ ಟಿಕೆಟ್ ಟಿಕೆಟ್ಟಲ್ಲ, ದಂಡ ಬೀಳುತ್ತದೆ.

ಹಳೆ ಪೇಟೆ ನೋಡಲು ಗಡಿಬಿಡಿ ಬೇಡ. ಚಿನ್ನದ ಬಾಗಿಲಿನಿಂದ ಹಸಿರು ಬಾಗಿಲಿನವರೆಗಿನ ರಾಜಬೀದಿ ಅರ್ಧ ಕಿಲೋಮೀಟರ್. 1945ರಲ್ಲಿ ಬಹುಪಾಲು ನೆಲಸಮವಾಗಿ ಮತ್ತೆ ಕಟ್ಟಿದ ಸಾಲುಮನೆಗಳು, 1633ರ ನೆಪ್ಚೂನ್ ಕಾರಂಜಿ, ಬಾಗಿಲು ದಾಟಿದರೆ ನದಿ, ದಡದಲ್ಲಿ ಹದಿನೈದನೇ ಶತಮಾನದ ಮರದ ಕ್ರೇನ್. ಬೀದಿಯೆಲ್ಲ ಉರುಟು ಕಲ್ಲುಹಾಸು, ಸಣ್ಣ ಚಕ್ರದ ಮಕ್ಕಳ ಗಾಡಿ ಸಿಕ್ಕಿಕೊಳ್ಳುತ್ತದೆ. ಒಂದೇ ಮ್ಯೂಸಿಯಂ ಎಂದರೆ ಹಡಗು ಕಟ್ಟುವ ಕಾರ್ಖಾನೆಯ ಪಕ್ಕದ ಯುರೋಪಿಯನ್ ಸಾಲಿಡಾರಿಟಿ ಕೇಂದ್ರಕ್ಕೆ ಹೋಗಿ. 1980ರ ಆಗಸ್ಟ್‌ನಲ್ಲಿ ಮುಷ್ಕರ ಹೂಡಿದ ಆ ಕಾರ್ಖಾನೆಯ ಕಾರ್ಮಿಕರು 21 ಬೇಡಿಕೆಗಳನ್ನು ಕೈಯಲ್ಲಿ ಬರೆದು ಗೇಟಿಗೆ ಹಾಕಿದ ಹಲಗೆಗಳ ಕಥೆ ಅಲ್ಲಿದೆ. ಮೂರು ಗಂಟೆ ಬೇಕು.

ಕೊನೆಗೆ ಅಂಬರ್. ಮರಿಯಾಟ್ಸ್ಕಾ ಬೀದಿಯ ಮೆಟ್ಟಿಲುಗಳ ಮೇಲೆಲ್ಲ ಅದರದೇ ಅಂಗಡಿ. ಕಹರಬಾ ಎಂದು ನಮ್ಮ ಹಿರಿಯರು ಕರೆಯುವ ಈ ಮರದಂಟಿನ ತಸ್ಬೀಹ್ (ಜಪಮಾಲೆ) 33 ಮಣಿ, 99 ಮಣಿಯದು ಸಿಗುತ್ತದೆ. ಅಸಲಿಯನ್ನು ಗುರುತಿಸಲು ಕಾಲು ಲೀಟರ್ ನೀರಿಗೆ ಸುಮಾರು 45 ಗ್ರಾಂ ಉಪ್ಪು ಕರಗಿಸಿ ಬಿಡಿ ಮಣಿ ಹಾಕಿ: ಬಾಲ್ಟಿಕ್ ಅಂಬರ್ ತೇಲುತ್ತದೆ, ಗಾಜು ಮತ್ತು ಹಲವು ಬಗೆಯ ಪ್ಲಾಸ್ಟಿಕ್ ಮುಳುಗುತ್ತವೆ. ಆದರೆ ಇನ್ನೂ ಪಕ್ವವಾಗದ ಕೋಪಾಲ್ ಅಂಟೂ ತೇಲುವುದರಿಂದ ಈ ಪರೀಕ್ಷೆ ಅರ್ಧವಷ್ಟೇ. ಅದಕ್ಕೆ ಒಂದು ಹನಿ ಅಸಿಟೋನ್ ಬಿಟ್ಟರೆ ಕೋಪಾಲ್ ಜಿಗುಟಾಗುತ್ತದೆ, ಅಂಬರ್ ಆಗುವುದಿಲ್ಲ. ಅಂಗಡಿಯಲ್ಲಿ ಇದನ್ನು ಮಾಡಲು ಬಿಡುವುದಿಲ್ಲ. ಬೆಲೆ ಹೆಚ್ಚಿನದಾದರೆ ಗ್ಡಾನ್ಸ್ಕ್‌ನಲ್ಲೇ ಕಚೇರಿ ಇರುವ ಅಂತರರಾಷ್ಟ್ರೀಯ ಅಂಬರ್ ಸಂಘದ ಪ್ರಮಾಣಪತ್ರವಿರುವ ಅಂಗಡಿಗೇ ಹೋಗಿ, ಚೂರುಗಳನ್ನು ಒತ್ತಿ ಮಾಡಿದ್ದೋ ಇಡೀ ತುಂಡಿನದೋ ಎಂದು ರಸೀತಿಯಲ್ಲಿ ಬರೆಸಿಕೊಳ್ಳಿ. ಪೋಲೆಂಡಿನ ಹಣದಲ್ಲಿ 200 ಝ್ವೊತಿಗೆ ಮೇಲ್ಪಟ್ಟ ಖರೀದಿಗೆ ತೆರಿಗೆ ವಾಪಸಿನ ಫಾರಂ ಕೇಳಬಹುದು. ಫ್ರಾಂಕ್‌ಫರ್ಟ್ ದಾರಿಯಾಗಿ ಬೆಂಗಳೂರಿಗೆ ಹೊರಟವರು ತಸ್ಬೀಹ್ ಕೈಚೀಲದಲ್ಲಿಟ್ಟುಕೊಂಡು, ಫ್ರಾಂಕ್‌ಫರ್ಟ್‌ನ ಕಸ್ಟಮ್ಸ್‌ನಲ್ಲಿ ಫಾರಂಗೆ ಮುದ್ರೆ ಹಾಕಿಸಿಕೊಳ್ಳಬೇಕು. ಅಲ್ಲಿಯ ಸಾಲಿಗೆ ಒಂದು ಗಂಟೆ ಹೆಚ್ಚಿಗೆ ಇರಲಿ.