ಕಂಬಗಳೇ ಚುಕ್ಕಿ: ಗೋಡೌನ್ ಒಳಗೆ ಗೋ-ಕಾರ್ಟ್ ಟ್ರ್ಯಾಕ್ ಹಾಕಿದ ಅನುಭವ

ಗೋ-ಕಾರ್ಟ್ ಅಂದರೆ ನೆಲಕ್ಕೆ ಅಂಟಿದಂತೆ ಓಡುವ ಪುಟ್ಟ ರೇಸ್ ಗಾಡಿ. ಅದರ ಹೊಸ ಟ್ರ್ಯಾಕ್ ಕೆಲಸ ಶುರುವಾಗಿದ್ದು ನಮ್ಮ ಮೆಕ್ಯಾನಿಕ್ ಹುಡುಗನ ನೋಟ್‌ಬುಕ್‌ನಿಂದ. ಗ್ರೀಸ್ ಕೈಯಲ್ಲೇ ಬರೆದು ಬರೆದು ಕಪ್ಪಾದ ನೂರು ಪುಟದ ಪುಸ್ತಕ. ಯಾವ ದಿನ, ಯಾವ ನಂಬರ್ ಗಾಡಿಗೆ ಏನು ಬದಲಾಯಿಸಿದ ಅಂತ ಅದರಲ್ಲಿ ಬರೆದಿಡುತ್ತಿದ್ದ. ಒಂದು ಸಂಜೆ ಸುಮ್ನೆ ತಿರುವಿ ಹಾಕಿದೆ. ಪುಟಪುಟದಲ್ಲೂ ಅದೇ ಸಾಲು: 'ಟೈ ರಾಡ್ ಬೆಂಡು, ಲೆಫ್ಟು.'

"ಎಡಗಡೆದೇ ಯಾಕೋ ಇಷ್ಟೊಂದು?" ಅಂತ ಕೇಳಿದೆ.

"ಎಲ್ಲಾ ಆ ಕೊನೇ ತಿರುವಲ್ಲೇ ಅಣ್ಣಾ. ಸ್ಟೀರಿಂಗ್ ಬಲಕ್ಕೆ ಎಳೀತಾರೆ, ಗಾಡಿ ತಿರುಗಲ್ಲ. ಎಡಗಡೆ ಚಕ್ರ ಸೀದಾ ಹೋಗಿ ಅಂಚಿನ ಟೈರ್ ಗೋಡೆಗೆ ಗುದ್ದುತ್ತೆ."

ಟೈ ರಾಡ್ ಅಂದರೆ ಸ್ಟೀರಿಂಗ್‌ನಿಂದ ಮುಂದಿನ ಚಕ್ರಕ್ಕೆ ಹೋಗುವ ಕಡ್ಡಿ. ದೊಡ್ಡ ಬೆಲೆಯ ಸಾಮಾನೇನಲ್ಲ. ಆದರೆ ಅದು ಬಗ್ಗಿದ ಪ್ರತಿ ಸಲವೂ ಗಾಡಿಯಲ್ಲಿ ಒಬ್ಬ ಮನುಷ್ಯ ಕೂತಿದ್ದ, ಅಲ್ವಾ? ಅಲ್ಲಿಂದ ಮುಂದೆ ನಾನು ಲೇಔಟ್ ಬರೆಯುವಾಗೆಲ್ಲ ಕೇಳಿಕೊಂಡ ಪ್ರಶ್ನೆ ಒಂದೇ: ಇಲ್ಲಿ ತಪ್ಪಿದವನು ಎಲ್ಲಿ ಹೋಗಿ ಗುದ್ದುತ್ತಾನೆ?

ನಮ್ಮದು ನೆಲಮಂಗಲ ಕಡೆಯ ಹಳೇ ಗೋಡೌನ್. 70 ಮೀಟರ್ ಉದ್ದ, 40 ಮೀಟರ್ ಅಗಲ, ಅಂದರೆ ಸುಮಾರು 30,000 ಚದರ ಅಡಿ. ಮೇಲೆ ಶೀಟು, ಕೆಳಗೆ ಕಾಂಕ್ರೀಟ್ ಮೇಲೆ ಎಪಾಕ್ಸಿ ಅನ್ನುವ ನುಣುಪು ಲೇಪ. ನಟ್ಟನಡುವೆ ಉದ್ದಕ್ಕೂ ಒಂದು ಸಾಲು ಕಂಬ, 7 ಮೀಟರಿಗೆ ಒಂದರಂತೆ ಒಂಬತ್ತು. ಹಳೇ ಲೇಔಟ್ ಹಾಕಿದ ಕಾಲಕ್ಕೆ ಗಾಡಿಗಳು ಪೆಟ್ರೋಲಿನವು. ಒಳಾಂಗಣದಲ್ಲಿ ಪೆಟ್ರೋಲ್ ಗಾಡಿ ಓಡಿಸುವುದೆಂದರೆ ಕಾರ್ಬನ್ ಮೊನಾಕ್ಸೈಡ್ ಜೊತೆ ಬಾಳುವುದು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಎಷ್ಟು ಎಕ್ಸಾಸ್ಟ್ ಫ್ಯಾನ್ ಹಾಕಿದರೂ ಭಾನುವಾರ ರಾತ್ರಿ ಟ್ರ್ಯಾಕ್ ಕಾಯುವ ಮಾರ್ಷಲ್ ಹುಡುಗರಿಗೆ ತಲೆನೋವು ತಪ್ಪುತ್ತಿರಲಿಲ್ಲ. ಹಾಗಾಗಿ ಎಲೆಕ್ಟ್ರಿಕ್ ಗಾಡಿ ತರಿಸಿದೆವು. ತಲೆನೋವು ಹೋಯಿತು, ಟ್ರ್ಯಾಕ್ ಕೆಟ್ಟಿತು.

ಕೆಟ್ಟಿತು ಅಂದರೆ, ಹಳೇ ಲೇಔಟಿಗೂ ಹೊಸ ಗಾಡಿಗೂ ಹೊಂದಲಿಲ್ಲ. ಎಲೆಕ್ಟ್ರಿಕ್ ಮೋಟಾರು ಒತ್ತಿದ ಕ್ಷಣವೇ ಪೂರ್ತಿ ಎಳೆಯುತ್ತದೆ. ತಿರುವಿನಿಂದ ಹೊರಬರುತ್ತಲೇ ವೇಗ, ಮುಂದಿನ ತಿರುವಿಗೆ ಬರುವಾಗ ಮೊದಲಿಗಿಂತ ಜಾಸ್ತಿ ವೇಗ. ಬ್ಯಾಟರಿಯಿಂದಾಗಿ ತೂಕವೂ ಜಾಸ್ತಿ. ಚಾಲಕನೂ ಸೇರಿ 250 ಕೆಜಿ ಅಂತ ಹಿಡಿಯಿರಿ. ವೇಗ 40ರಿಂದ 50 ಕಿಮೀಗೆ ಏರಿದರೆ ಮೀಟರಿನಲ್ಲಿ ಏರಿದ್ದು ಕಾಲುಭಾಗ. ಗೋಡೆ ತಿನ್ನುವ ಏಟು ಮಾತ್ರ ಒಂದೂವರೆ ಪಟ್ಟಿಗಿಂತ ಜಾಸ್ತಿ.

ಮಾಲೀಕರಿಗೆ ಹೇಳಿದಾಗ ಅವರ ಉತ್ಸಾಹ ಬೇರೆ ಕಡೆ ಓಡಿತು. "ತಿರುವು ಜಾಸ್ತಿ ಮಾಡ್ರೀ. ಆಗುಂಬೆ ಘಾಟಿ ಥರ ಇರಬೇಕು ನೋಡಿ. ಮಧ್ಯದಲ್ಲೊಂದು ಫ್ಲೈಓವರ್ ಹಾಕೋಕಾಗುತ್ತಾ?" ಯಾವುದೋ ವಿಡಿಯೋ ನೋಡಿದ್ದರು. ಫ್ಲೈಓವರ್ ಬೇಡ ಎನ್ನಲು ಕಷ್ಟವಾಗಲಿಲ್ಲ. ನಮ್ಮ ಶೀಟಿನ ಎತ್ತರ ತೋರಿಸಿದೆ, ಕಬ್ಬಿಣದ ಖರ್ಚು ತೋರಿಸಿದೆ, ಮುಗಿಯಿತು. ತಿರುವಿನ ವಿಷಯದಲ್ಲಿ ಮಾತ್ರ ಒಂದು ವಾರ ಜಗ್ಗಾಟ.

ಹಳೇ ಟ್ರ್ಯಾಕಿನಲ್ಲಿ 14 ತಿರುವುಗಳಿದ್ದವು. ಕಾಗದದ ಮೇಲೆ ಬಲು ಚೆಂದ. ಓಡಿಸಿದರೆ ಒಂದರ ಹಿಂದೆ ಒಂದು ಗಾಡಿ, ತರಕಾರಿ ಮಾರ್ಕೆಟ್ಟಿನ ಟ್ರಾಫಿಕ್ಕು. ಯಾರೂ ಯಾರನ್ನೂ ದಾಟಲಾಗದು. ದಾಟಲೇಬೇಕೆಂದರೆ ಹಿಂದಿನಿಂದ ಗುದ್ದಬೇಕು, ಜನ ಅದನ್ನೇ ಮಾಡುತ್ತಿದ್ದರು.

ಇದಕ್ಕೆ ಗಾಡಿಯ ಸ್ವಭಾವವೂ ಕಾರಣ. ಗೋ-ಕಾರ್ಟ್‌ನಲ್ಲಿ ಹಿಂದಿನ ಎರಡೂ ಚಕ್ರ ಒಂದೇ ಆಕ್ಸೆಲ್ ಮೇಲೆ ಕೂತಿರುತ್ತವೆ, ಕಾರಿನಂತೆ ಎರಡನ್ನೂ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಹೊರಚಕ್ರ ಜಾಸ್ತಿ ದೂರ ಹೋಗಬೇಕು, ಒಳಚಕ್ರ ಕಡಿಮೆ. ಆದರೆ ಎರಡೂ ಒಂದೇ ಸಮ ಸುತ್ತುತ್ತವೆ. ಹಾಗಾಗಿ ಒಳಗಿನ ಹಿಂಚಕ್ರ ನೆಲದಿಂದ ತುಸು ಎದ್ದರೆ, ಕನಿಷ್ಠ ಹಗುರಾದರೆ ಮಾತ್ರ ಗಾಡಿ ಸರಾಗ ತಿರುಗುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಮುಂಚಕ್ರಗಳ ಓರೆಯೇ ಆ ಕೆಲಸ ಮಾಡಿಕೊಡುತ್ತದೆ. ತೀರಾ ಇಕ್ಕಟ್ಟಿನ ತಿರುವಿನಲ್ಲಿ, ಅದೂ ಹಗುರ ಮೈಯ ಹುಡುಗ ಹುಡುಗಿಯರು ಕೂತಾಗ, ಚಕ್ರ ಏಳುವುದಿಲ್ಲ. ಗಾಡಿ ಮುಂದಕ್ಕೇ ತಳ್ಳಿಕೊಂಡು ಹೋಗುತ್ತದೆ. ನೋಟ್‌ಬುಕ್ಕಿನ ಎಡಗಡೆ ಟೈ ರಾಡ್‌ಗಳ ಗುಟ್ಟು ಇದೇ.

ಹಾಗಾಗಿ ಏಳು ತಿರುವು ಸಾಕು ಅಂದೆ. ಮಾಲೀಕರು ಅರ್ಧಕ್ಕೆ ಅರ್ಧ ಕಮ್ಮಿಯಾಯಿತಲ್ಲ ಎಂದು ಮುಖ ಸಪ್ಪೆ ಮಾಡಿಕೊಂಡರು. ಕೊನೆಗೆ ಲೆಕ್ಕ ತೋರಿಸಿ ಒಪ್ಪಿಸಿದೆ.

ಲೆಕ್ಕ ಸುಲಭ. ತಿರುವಿನಲ್ಲಿ ಹಿಡಿತ ತಪ್ಪದೆ ಹೋಗಬಹುದಾದ ವೇಗ ನಿಂತಿರುವುದು ನೆಲದ ಹಿಡಿತ ಮತ್ತು ಗಾಡಿ ಹಿಡಿಯುವ ಸಾಲಿನ ತ್ರಿಜ್ಯದ ಮೇಲೆ. ಎರಡನ್ನೂ ಗುಣಿಸಿ, ಭೂಮಿಯ ಸೆಳೆತದ 9.8ರಿಂದ ಗುಣಿಸಿ, ವರ್ಗಮೂಲ ತೆಗೆದರೆ ಸೆಕೆಂಡಿಗೆ ಎಷ್ಟು ಮೀಟರ್ ಅಂತ ಬರುತ್ತದೆ. ನಮ್ಮ ನೆಲಕ್ಕೆ ಹಿಡಿತ 0.7 ಅಂತ ಇಟ್ಟುಕೊಂಡೆ. 6 ಮೀಟರ್ ಅಗಲದ ಟ್ರ್ಯಾಕು, ಒಳಅಂಚಿನ ತ್ರಿಜ್ಯ 3 ಮೀಟರ್, ಹೊರಅಂಚಿನದು 9. ಗಾಡಿಯ ಅಗಲ 1.4 ಮೀಟರ್, ಅದರ ಅರ್ಧ ಎರಡೂ ಕಡೆ ಕಳೆಯಬೇಕು. ಪೂರ್ತಿ ಹಿಂದಕ್ಕೆ ತಿರುಗುವ ಹೇರ್‌ಪಿನ್ ಆದರೆ ಸಿಗುವ ದೊಡ್ಡ ತ್ರಿಜ್ಯ 8.3 ಮೀಟರ್, ವೇಗ 27 ಕಿಮೀ. ಅದೇ ಅಳತೆಯ ತಿರುವು ಮೂಲೆಯಂತೆ 90 ಡಿಗ್ರಿಯದಾದರೆ? ಹೊರಗಿನಿಂದ ಒಳಕ್ಕೆ ಬಂದು, ಅಂಚು ಮುಟ್ಟಿ, ಮತ್ತೆ ಹೊರಕ್ಕೆ ಬಿಡಬಹುದು. ಸಾಲಿನ ತ್ರಿಜ್ಯ 19 ಮೀಟರ್ ದಾಟುತ್ತದೆ, ವೇಗ 41 ಕಿಮೀ. ಗೊತ್ತಿರುವವನಿಗೆ ಅದು ತಿರುವೇ ಅಲ್ಲ, ಕಾಲು ಎತ್ತದೆ ಹೋಗುತ್ತಾನೆ. ಗೊತ್ತಿಲ್ಲದವನು ಒಳಗೇ ಅಂಟಿಕೊಂಡು 20ರಲ್ಲಿ ತೆವಳುತ್ತಾನೆ. ಇಬ್ಬರೂ ಒಂದೇ ಸೆಷನ್ನಿನಲ್ಲಿ ಇರುತ್ತಾರೆ!

ಇದರಿಂದ ನಾನು ತಿಳಿದುಕೊಂಡಿದ್ದು: ಎಲ್ಲಾ ಕಡೆ ಒಂದೇ ಅಗಲ ಇಡಬಾರದು. 90 ಡಿಗ್ರಿ ಮೂಲೆಗಳನ್ನು 5 ಮೀಟರಿಗೆ ಇಳಿಸಿದೆ, ವೇಗ ತಾನಾಗೇ ತಗ್ಗಿತು. ಉದ್ದ ಗೋಡೆಯ ಪಕ್ಕ 45 ಮೀಟರ್ ನೇರ ದಾರಿ ಕೊಟ್ಟು, ಅದರ ಕೊನೆಯ ಹೇರ್‌ಪಿನ್ನಿಗೆ ಒಳಬರುವ ಬಾಯಿಯನ್ನು 8 ಮೀಟರ್ ಮಾಡಿದೆ, ಹೊರಹೋಗುವ ಕಡೆ 6. ಅಲ್ಲೇ ದಾಟುವ ಜಾಗ. ಬಾಯಿ ಅಗಲವಿದ್ದರೆ ಇಬ್ಬರು ಪಕ್ಕಪಕ್ಕ ಬ್ರೇಕ್ ಹಾಕಬಹುದು, ಹಿಂದಿನವನಿಗೆ ಗುದ್ದುವ ಆಸೆ ಅಷ್ಟು ಬರುವುದಿಲ್ಲ.

ಆದರೆ ಆ ನೇರದ ಕೊನೆಯಲ್ಲಿ ಬ್ರೇಕನ್ನೇ ಹಾಕದವನು? ಅವನಿಗಾಗಿ ಟೈರ್ ಗೋಡೆಯನ್ನು ಎದುರಿಗೆ ಅಡ್ಡ ನಿಲ್ಲಿಸದೆ ಓರೆಯಾಗಿ ಇಟ್ಟೆ. 40 ಕಿಮೀ ವೇಗದಲ್ಲಿ 30 ಡಿಗ್ರಿ ಓರೆಯಲ್ಲಿ ತಾಗಿದರೆ ಗೋಡೆಗೆ ಸೀದಾ ಬೀಳುವ ವೇಗ ಬರೀ 20. ಏಟು ಕಾಲುಭಾಗ. ಉಳಿದ ವೇಗ ಗೋಡೆಯುದ್ದಕ್ಕೂ ಸವರಿಕೊಂಡು ಕರಗುತ್ತದೆ. ಹಾಗೆ ಸವರಬೇಕಾದರೆ ಟೈರುಗಳ ಮುಖ ನುಣುಪಾಗಿರಬೇಕು. ಬರೀ ಟೈರಿನ ಉಬ್ಬುತಗ್ಗು ಇದ್ದರೆ ಬಂಪರ್ ಸಿಕ್ಕಿಕೊಂಡು ಗಾಡಿ ಗಿರಕ್ಕನೆ ತಿರುಗುತ್ತದೆ. ಅದಕ್ಕೇ ಟೈರುಗಳನ್ನು ಒಂದಕ್ಕೊಂದು ಬೋಲ್ಟ್ ಹಾಕಿ, ಮುಂದೆ ಹಳೇ ಕನ್ವೇಯರ್ ಬೆಲ್ಟ್ ಹೊದಿಸಿದೆವು.

ಹಳೇ ಟ್ರ್ಯಾಕಿನ ಇನ್ನೊಂದು ತಪ್ಪು ನನಗೆ ಗೊತ್ತಾಗಿದ್ದು ಮೊಣಕಾಲೂರಿ ಕೂತು ನೋಡಿದ ಮೇಲೆ. ಪಕ್ಕಪಕ್ಕದ ಎರಡು ದಾರಿಗೆ ನಡುವೆ ಒಂದೇ ಸಾಲು ಟೈರು. ಈ ಕಡೆಯವನು ಗುದ್ದಿದರೆ ಸಾಲು ಆ ಕಡೆಗೆ ಉಬ್ಬುತ್ತಿತ್ತು. ಅಳೆದೆ, ಅರ್ಧ ಮೀಟರ್! ಎದುರಿನಿಂದ ಬರುವವನ ದಾರಿಗೆ ಅರ್ಧ ಮೀಟರ್ ಟೈರ್ ಇದ್ದಕ್ಕಿದ್ದಂತೆ ಹಾಜರು. ಈಗ ಎರಡು ಸಾಲು, ನಡುವೆ ಒಂದು ಮೀಟರ್ ಖಾಲಿ. ಆ ಖಾಲಿಯಲ್ಲೇ ಮಾರ್ಷಲ್ ನಡೆದಾಡುವ ದಾರಿ ಹಾಕಲು ಹೊರಟಿದ್ದೆ. ಆಮೇಲೆ ಬುದ್ಧಿ ಬಂತು: ಟೈರು ಉಬ್ಬಲೆಂದು ಬಿಟ್ಟ ಜಾಗದಲ್ಲಿ ಮನುಷ್ಯನನ್ನು ನಿಲ್ಲಿಸುತ್ತಾರಾ? ಮಾರ್ಷಲ್‌ಗಳಿಗೆ ಬೇರೆ ಕಟ್ಟೆ ಮಾಡಿಸಿದೆ.

ಗುರುತು ಹಾಕಿದ್ದು ಒಂದು ಸೋಮವಾರ, ರಜೆ ದಿನ. ಗಾರೆಯವರ ದಾರ, ನೀಲಿ ಪುಡಿ, ಮಾಸ್ಕಿಂಗ್ ಟೇಪು, ಇಷ್ಟೇ ಸಾಮಾನು. ತಿರುವಿಗೆ ಒಬ್ಬ ಹುಡುಗ ನಡುವೆ ಹಗ್ಗದ ತುದಿ ಹಿಡಿದು ನಿಲ್ಲುವುದು, ಇನ್ನೊಬ್ಬ ಹಗ್ಗ ಬಿಗಿಹಿಡಿದು ಸುತ್ತುತ್ತಾ ಗೆರೆ ಎಳೆಯುವುದು. ಕ್ಲೀನಿಂಗ್‌ಗೆ ಬರುವ ಅಮ್ಮ ಪೊರಕೆ ಹಿಡಿದು ನಿಂತು ನೋಡಿದರು. "ಏನ್ ಸಾರ್, ಚುಕ್ಕಿನೇ ಇಡದೆ ರಂಗೋಲಿ ಹಾಕ್ತಿದ್ದೀರಲ್ಲ" ಅಂತ ನಕ್ಕರು.

ಹೌದಲ್ಲ ಅನ್ನಿಸಿತು. ಆವರೆಗೂ ನಾನು ಕಂಬಗಳನ್ನು ಅಡ್ಡಿ ಅಂದುಕೊಂಡು ಅವುಗಳಿಂದ ದೂರ ದೂರ ಗೆರೆ ಎಳೆಯುತ್ತಿದ್ದೆ. ಅವೇ ಚುಕ್ಕಿಗಳಲ್ವಾ? ಬಳ್ಳಿ ರಂಗೋಲಿಯಲ್ಲಿ ಎಳೆ ಚುಕ್ಕಿಯನ್ನು ಬಳಸಿಕೊಂಡೇ ಹೋಗುತ್ತದೆ. ಕಂಬವನ್ನು ತಿರುವಿನ ಒಳಗಡೆ ಇಟ್ಟರೆ ಅದಕ್ಕೆ ಗುದ್ದುವುದು ಕಷ್ಟ, ಯಾಕೆಂದರೆ ಹಿಡಿತ ತಪ್ಪಿದ ಗಾಡಿ ಹೊರಕ್ಕೆ ಹೋಗುತ್ತದೆ. ಎರಡು ತಿರುವುಗಳನ್ನು ಅವತ್ತೇ ಅಳಿಸಿ ಕಂಬದ ಸುತ್ತ ಬರೆದೆ. ಕಂಬಗಳ ಸಾಲನ್ನು ದಾಟುವ ಎರಡು ಕಡೆ ಮಾತ್ರ ಲೆಕ್ಕ ಬಿಗಿ: 7 ಮೀಟರಿನಲ್ಲಿ ಕಂಬದ ದಪ್ಪ, ಎರಡೂ ಬದಿಯ ಟೈರು ಕಳೆದರೆ ಉಳಿಯುವುದು ಐದೂವರೆ. ಅಲ್ಲಿಗೆ ಬರುವಷ್ಟರಲ್ಲಿ ಗಾಡಿ ನಿಧಾನವಾಗಿರುವಂತೆ ಮುಂಚೆಯೇ ಒಂದು ತಿರುವು ಇಟ್ಟೆ.

ಬದಲಾಯಿಸಲಾಗದ ಒಂದು ಗೆರೆ ಇತ್ತು. ಲ್ಯಾಪ್ ಟೈಮ್, ಅಂದರೆ ಒಂದು ಸುತ್ತಿನ ಸಮಯ ಹಿಡಿಯುವ ಲೂಪ್ ವೈರು ನೆಲ ಸೀಳಿ ಹೂತದ್ದು. ಆರಂಭದ ಗೆರೆ ಅಲ್ಲೇ ಇರಬೇಕು, ಹಾಗಾಗಿ ಅದನ್ನು ಹಿಡಿದುಕೊಂಡೇ ಉಳಿದದ್ದೆಲ್ಲ ಸುತ್ತಿದೆ. ತುರ್ತು ಬಾಗಿಲೊಂದಕ್ಕೆ ಹೋಗಲು ಹಿಂದೆ ಟ್ರ್ಯಾಕ್ ದಾಟಬೇಕಿತ್ತು, ಅದನ್ನು ಸರಿಪಡಿಸಿದೆ. ಗಾಡಿ ಹತ್ತಿ ಇಳಿಯುವ ಪಿಟ್‌ನಿಂದ ಹೊರಬರುವ ದಾರಿಗೆ ಮಾತ್ರ ಎರಡು ದಿನ ಹಿಡಿಯಿತು. ಪೆಟ್ರೋಲ್ ಗಾಡಿಯಾದರೆ ಹಿಂದೆ ಬರುತ್ತಿರುವುದು ಕಿವಿಗೆ ಗೊತ್ತಾಗುತ್ತದೆ. ಎಲೆಕ್ಟ್ರಿಕ್ ಬರುವುದು ಹೆಲ್ಮೆಟ್ ಒಳಗೆ ಕೇಳುವುದೇ ಇಲ್ಲ. ಆದ್ದರಿಂದ ಸೇರುವ ಜಾಗದಲ್ಲಿ ಬ್ಯಾನರು, ಜಾಹೀರಾತು ಯಾವುದೂ ಕೂಡದು, ಎರಡೂ ಕಡೆಯವರಿಗೆ ಒಬ್ಬರಿಗೊಬ್ಬರು ಕಾಣಬೇಕು ಎಂದು ಹಟ ಹಿಡಿದೆ. ಮಾರ್ಕೆಟಿಂಗ್‌ನವರಿಗೆ ಬೇಜಾರಾಯಿತು, ಆಗಲಿ.

ಪಿಟ್ ಪಕ್ಕದ ಬ್ರೀಫಿಂಗ್ ಕೋಣೆಗೂ ಜಾಸ್ತಿ ಜಾಗ ಕೇಳಿ ತೆಗೆದುಕೊಂಡೆ. 2018ರಲ್ಲೂ 2020ರಲ್ಲೂ ನಮ್ಮ ದೇಶದಲ್ಲೇ ಗೋ-ಕಾರ್ಟ್ ಚಕ್ರಕ್ಕೆ ಕೂದಲು ಸಿಕ್ಕಿ ಹೆಣ್ಣುಮಕ್ಕಳು ಜೀವ ಕಳೆದುಕೊಂಡಿದ್ದಾರೆ. ಕೂದಲು ಕಟ್ಟಿಕೊಳ್ಳಲು ಕನ್ನಡಿ, ದುಪಟ್ಟಾ ಇಡಲು ಲಾಕರ್, ಹೆಲ್ಮೆಟ್ ಒಳಗೆ ತಲೆಗೆ ಹಾಕುವ ಬಟ್ಟೆಯ ಮುಸುಕು (ಬಲಾಕ್ಲಾವಾ), ಇವೆಲ್ಲ ಗಾಡಿ ಹತ್ತುವ ದಾರಿಯಲ್ಲೇ ಇರಬೇಕು. ಬೇರೆ ಮೂಲೆಯಲ್ಲಿಟ್ಟರೆ ಯಾರೂ ಹೋಗುವುದಿಲ್ಲ.

ಮೊದಲ ರಾತ್ರಿ ನಾವೇ ಓಡಿಸಿ ನೋಡಿದೆವು. ಮೂರನೇ ತಿರುವಿನಲ್ಲಿ ನನ್ನ ಗಾಡಿ ಹಿಂದುಮುಂದಾಯಿತು. ಸರಿ, ನನ್ನ ತಪ್ಪು. ಮೆಕ್ಯಾನಿಕ್ ಹೋದ, ಅವನದೂ ಅದೇ ಜಾಗದಲ್ಲಿ. ಗೇಣು ಆಚೆ ಈಚೆ ಇಲ್ಲ. ಅವನು ಇಳಿದು, ಚಪ್ಪಲಿ ಉಜ್ಜುತ್ತಾ ಒಂದೊಂದೇ ಹೆಜ್ಜೆ ಇಟ್ಟ.

"ಅಣ್ಣಾ, ಇಲ್ಲಿ ಜಾರುತ್ತೆ. ಇಲ್ಲಿ ಅಂಟುತ್ತೆ ನೋಡಿ. ಮತ್ತೆ ಜಾರುತ್ತೆ."

ಟಾರ್ಚನ್ನು ನೆಲಕ್ಕೆ ಅಡ್ಡ ಹಿಡಿದಾಗ ಕಂಡಿತು. ಹಳೇ ಟ್ರ್ಯಾಕಿನ ರಬ್ಬರ್ ಸಾಲು! ವರ್ಷಗಟ್ಟಲೆ ಗಾಡಿ ಓಡಿ ಎಪಾಕ್ಸಿ ಮೇಲೆ ಕೂತ ಕಪ್ಪು ಪಟ್ಟಿ ನಮ್ಮ ಹೊಸ ತಿರುವನ್ನು ಓರೆಯಾಗಿ ಕತ್ತರಿಸಿತ್ತು. ಜಾರುತ್ತಿದ್ದ ಮುಂಚಕ್ರಕ್ಕೆ ಹಠಾತ್ ಹಿಡಿತ ಸಿಗುವುದು, ಮೂಗು ಒಳಕ್ಕೆ ನುಗ್ಗುವುದು, ಹಿಂಚಕ್ರ ಇನ್ನೂ ಜಾರುವ ನೆಲದ ಮೇಲೇ ಇರುವುದು. ಗಾಡಿ ತಿರುಗದೆ ಇನ್ನೇನು ಮಾಡೀತು? ಎರಡು ರಾತ್ರಿ ಹೆರೆಯುವ ಪಟ್ಟಿ, ಡಿಗ್ರೀಸರ್, ನೆಲ ಉಜ್ಜುವ ಮೆಷಿನ್ ಹಿಡಿದು ಇಡೀ ನೆಲ ಒಂದೇ ಸಮ ಮಾಡಿದೆವು. ಆಮೇಲೆ ಎಲ್ಲಾ ಕಡೆ ಒಂದೇ ಥರ ಜಾರುತ್ತಿತ್ತು. ಅದು ಪರವಾಗಿಲ್ಲ. ಒಂದೇ ಥರ ಜಾರಿದರೆ ಜನ ಹೊಂದಿಕೊಳ್ಳುತ್ತಾರೆ. ಗಾಡಿ ಓಡಿದಂತೆ ಹೊಸ ಸಾಲು ಕೂತು, ನಮ್ಮ 260 ಮೀಟರಿನ ಲ್ಯಾಪು 33 ಸೆಕೆಂಡಿನಿಂದ ನಿಧಾನಕ್ಕೆ 30ರ ಹತ್ತಿರ ಬಂತು.

ನಿಜವಾದ ಪರೀಕ್ಷೆ ಮಾಡಿಕೊಟ್ಟಿದ್ದು ನಮ್ಮ ಅಕೌಂಟ್ಸ್ ಮೇಡಂ. ಅವರು ದಿನಾ ಸ್ಕೂಟರಲ್ಲಿ ಬರುವವರು, ಕಾರು ಓಡಿಸಿದವರಲ್ಲ. ಬಲಗಾಲಿಗೆ ವೇಗ, ಎಡಗಾಲಿಗೆ ಬ್ರೇಕ್ ಅಂತ ಎರಡು ಸಲ ಹೇಳಿ ಕೂರಿಸಿದೆವು. ಮೊದಲ ಲ್ಯಾಪಿನಲ್ಲಿ ನೇರ ದಾರಿಯ ಕೊನೆಗೆ ಬಂದರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಎಂಟೂ ಬೆರಳು ಸ್ಟೀರಿಂಗನ್ನು ಗಟ್ಟಿಯಾಗಿ ಹಿಚುಕಿದವು. ಸ್ಕೂಟರಿನ ಬ್ರೇಕ್ ಹುಡುಕುತ್ತಿದ್ದವು! ಬಲಗಾಲು ಹಾಗೇ ಒತ್ತಿತ್ತು. ಓರೆ ಗೋಡೆಗೆ ತಾಗಿ, ಬೆಲ್ಟಿನುದ್ದಕ್ಕೂ ಸರ್ರನೆ ಸವರಿಕೊಂಡು ಹೋಗಿ ನಿಂತರು. ಓಡಿಹೋದೆ.

"ಮೇಡಂ, ಏನೂ ಆಗಲಿಲ್ಲ ತಾನೇ?"

"ಇಲ್ಲ ಸಾರ್. ಇನ್ನೊಂದು ರೌಂಡು ಹೋಗ್ಲಾ?"

ಟೈ ರಾಡ್ ನೋಡಿದೆವು, ನೆಟ್ಟಗಿತ್ತು.

ಆದರೂ ಒಂದು ಕಡೆ ಲೆಕ್ಕ ತಪ್ಪಿತು. ಐದನೇ ಕಂಬ. ಕಂಬಗಳ ಸಾಲು ದಾಟಿ ಬಂದವರು ಅಲ್ಲಿ ಬೇಗ ವೇಗ ಕೊಡುತ್ತಾರೆ, ಹಿಂಭಾಗ ಬೀಸುತ್ತದೆ, ಕಂಬದ ಟೈರಿಗೆ ಬಂಪರ್ ತಾಗುತ್ತದೆ. ಟೈರ್ ಸುತ್ತು ಎರಡು ಪದರ ಮಾಡಿದೆ, ತಾಗುವುದು ನಿಂತಿಲ್ಲ. ಈ ಸಲದ ಆಯುಧ ಪೂಜೆಗೆ ಗಾಡಿಗಳಿಗೆಲ್ಲ ಹಾರ ಹಾಕಿ ಸಾಲಾಗಿ ನಿಲ್ಲಿಸಿದ್ದರು. ನಿಂಬೆಹಣ್ಣು, ಬೂದುಗುಂಬಳ ಎಲ್ಲ ಹೊರಗೆ ಅಂಗಳದಲ್ಲೇ, ಎಪಾಕ್ಸಿ ಮೇಲೆ ಒಂದು ಹನಿಯೂ ಬೀಳಬಾರದು ಅಂತ ಮೊದಲೇ ಹೇಳಿದ್ದೆ. ಒಳಗೆ ಬಂದು ನೋಡಿದರೆ ಮೆಕ್ಯಾನಿಕ್ ಐದನೇ ಕಂಬಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದ.

"ಇದಕ್ಯಾಕೋ?"

"ಎಲ್ಲಾ ಗಾಡಿಗಿಂತ ಜಾಸ್ತಿ ಡ್ಯೂಟಿ ಮಾಡೋದು ಇದೇ ಅಲ್ವಾ ಅಣ್ಣಾ" ಅಂದ, ಉಳಿದ ಹಾರವನ್ನು ಅದರ ಟೈರಿಗೇ ಸಿಕ್ಕಿಸುತ್ತಾ.